ಹೊಗೆ ಕುಡಿಯುವ ಮರಗಳಿಗೆ ನಂಬರು ಹೊಡೆದ ಚಲುವಯ್ಯ

ಚಲುವಯ್ಯನ ಬಾಯಿ ಕೆಟ್ಟದ್ದು ಅಂತ ಹೊಸಕಟ್ಟೆ ಸುತ್ತಮುತ್ತ ಗೊತ್ತಿಲ್ಲದವರೇ ಇರಲಿಲ್ಲ. ಆದರೂ ಮುಂಗಾರು ಹತ್ತಿರ ಬಂತೆಂದರೆ ತೋಟದ ಸಾಹುಕಾರರು ಜೀಪು ಕಳಿಸಿ ಅವನನ್ನೇ ಕರೆಸುತ್ತಿದ್ದರು. ಮರಗಸಿಯಲ್ಲಿ ಅವನಂಥ ಕೈ ಹೆತ್ತೂರಿನಿಂದ ಮಗ್ಗೆಯವರೆಗೆ ಇನ್ನೊಂದಿರಲಿಲ್ಲ. ಕಾಫಿ ಗಿಡಕ್ಕೆ ಎಷ್ಟು ಬಿಸಿಲು ಬೇಕೋ ಅಷ್ಟೇ ಇಳಿಯುವ ಹಾಗೆ ಮೇಲಿನ ನೆರಳುಮರದ ಕೊಂಬೆ ತೆಗೆಯುವ ಕೆಲಸ ಅದು. ಬಿದಿರಿನ ಒಂಟಿ ಏಣಿ, ಸೊಂಟಕ್ಕೊಂದು ಹಗ್ಗ, ಕೈಯಲ್ಲೊಂದು ಕತ್ತಿ. ಅರವತ್ತಡಿ ಮೇಲಿಂದ ಕಡಿದ ಕೊಂಬೆ ಕೆಳಗಿನ ಗಿಡದ ಒಂದು ರೆಂಬೆಯನ್ನೂ ಮುರಿಯದೆ ಸಾಲಿನ ನಡುವೆ ಬೀಳಬೇಕು. ನಲವತ್ತು ವರ್ಷದಲ್ಲಿ ಚಲುವಯ್ಯ ಬಿದ್ದದ್ದು ಒಂದೇ ಸಲ. ಅದೂ ಮರದಿಂದಲ್ಲ, ಸಾಹುಕಾರರ ಮನೆ ಮೆಟ್ಟಿಲಿಂದ.

ಮೇಲೆ ಕೂತು ಕೆಳಗೆ ನೋಡಿ ನೋಡಿ ಅವನಿಗೆ ಮನುಷ್ಯರ ಬಗ್ಗೆ ಒಂದು ಅಸಡ್ಡೆ ಬಂದುಬಿಟ್ಟಿತ್ತು. 'ಮೇಲಿಂದ ನೋಡುದ್ರೆ ಸಾಹುಕಾರ್ರದ್ದೂ ಲೆಕ್ಕ ಬರಿಯೋ ರೈಟರ್‌ದೂ ಬರೀ ನೆತ್ತಿ ಕಣೋ. ಒಬ್ರುದ್ದು ಬೋಳು, ಒಬ್ರುದ್ದು ಬಣ್ಣ ಹಚ್ಚಿದ್ದು, ಅಷ್ಟೇಯ' ಅನ್ನುತ್ತಿದ್ದ. ಹಾಗಂತ ತಾನೇನು ಸಾಚಾ ಅಂತ ಅವನು ಹೇಳಿಕೊಂಡವನಲ್ಲ. ಹರೆಯದಲ್ಲಿ ಸಾಹುಕಾರರು ಕಾಡುಮರ ತೆಗೆದು ಸಿಲ್ವರ್ ಓಕ್ ನೆಡಿಸಿದಾಗ ನೂರಾರು ನಂದಿ, ಹಲಸುಗಳ ಬುಡಕ್ಕೆ ಕೊಡಲಿ ಹಾಕಿದ ಕೈಯೂ ಅದೇ.

ಆಲೂರಿಂದ ಸಕಲೇಶಪುರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿದ್ದ ಹೊಸಕಟ್ಟೆ ಕೆಲವು ವರ್ಷದ ಹಿಂದಿನವರೆಗೂ ಹಳ್ಳಿಯಾಗಿದ್ದದ್ದು, ಈಗ ಪಟ್ಟಣ ಪಂಚಾಯ್ತಿ. ಪಟ್ಟಣ ಅಂದಮೇಲೆ ಪಾರ್ಕು ಬೇಡವೇ? ಎರಡು ಪಾರ್ಕಾದವು. ಒಂದರಲ್ಲಿ ಸಿಮೆಂಟಿನ ಜಿಂಕೆ ನಿಂತಿತ್ತು, ಉದ್ಘಾಟನೆಯ ವಾರವೇ ಅದರ ಕೊಂಬು ಮುರಿದಿತ್ತು. ಇನ್ನೊಂದರಲ್ಲಿ ಹುಲ್ಲುಹಾಸು, ಅದರ ಮೇಲೆ 'ಹುಲ್ಲಿನ ಮೇಲೆ ನಡೆಯಬೇಡಿ' ಎಂಬ ಫಲಕ. ಆ ಫಲಕ ನೆಟ್ಟ ದಿನ ಚಲುವಯ್ಯ, 'ದನಾನೂ ಮೇಯಂಗಿಲ್ಲ, ಮನ್ಸನೂ ನಡೆಯಂಗಿಲ್ಲ. ಇನ್ಯಾರಿಗ್ಲಾ ಇದು, ಜಿಂಕೆಗಾ?' ಅಂದಿದ್ದ.

ಒಂದು ಫೆಬ್ರವರಿಯಲ್ಲಿ ಅಧ್ಯಕ್ಷರ ಭಾಮೈದ ನಟರಾಜ್ ಅವನ ಮನೆಗೇ ಬಂದ. ಊರಿನ ಗುತ್ತಿಗೆಗಳೆಲ್ಲ ಈ ನಟರಾಜನದೇ.

'ಚಲುವಣ್ಣ, ನಮ್ಮೂರು ಇಂಗಾಲಮುಕ್ತ ಆಗ್ತಾ ಐತೆ. ಮರ ಎಣಿಸ್ಬೇಕು, ಅಳತೆ ಮಾಡ್ಬೇಕು, ನಂಬರ್ ಹೊಡೀಬೇಕು. ಮರದ ಹೆಸರು ಗೊತ್ತಿರೋನು ನೀನೊಬ್ನೇ.'

'ಅದೇನ್ ಮುಕ್ತನಪ್ಪ ಅದು?'

'ಅದೆಲ್ಲ ಮೇಡಂ ಹೇಳ್ತಾರೆ.'

ಮೇಡಂ ಅಂದರೆ ಧನುಶ್ರೀ. ಹಾಸನದ ಹುಡುಗಿ, ಕಾಡುಮರಗಳ ವಿಷಯ ಓದಿ ಒಂದು ಸರ್ವೆ ಕಂಪನಿಗೆ ಸೇರಿದ್ದಳು. ಕೈಯಲ್ಲಿ ಟೇಪು, ಹೆಗಲಿಗೆ ಬ್ಯಾಗು, ಕಾಲಿಗೆ ಜಿಗಣೆ ಹತ್ತದ ಉದ್ದನೆ ಕಾಲುಚೀಲ. ಮೊದಲ ದಿನ ಸಂತೆ ಮೈದಾನದ ಗೋಣಿಮರದ ಕೆಳಗೆ ನಿಂತು ಅವಳು ಚಲುವಯ್ಯನಿಗೆ ವಿವರಿಸಿದಳು. ಊರಿನ ಗಾಡಿ, ಡೀಸೆಲ್ ಜನರೇಟರು, ಕರೆಂಟು ಎಲ್ಲ ಸೇರಿ ಇಷ್ಟು ಹೊಗೆ ಬಿಡುತ್ತವೆ. ಊರಿನ ಪಾರ್ಕು, ರಸ್ತೆಬದಿಯ ಮರಗಳು ಆ ಹೊಗೆಯಲ್ಲಿ ಇಷ್ಟು ಕುಡಿಯುತ್ತವೆ. ಎರಡೂ ಸರಿಸಮ ಆದರೆ ಊರು ಹೊಗೆಯನ್ನೇ ಬಿಟ್ಟಿಲ್ಲ ಅಂತ ಪ್ರಮಾಣಪತ್ರ ಬರುತ್ತದೆ.

ಚಲುವಯ್ಯ ಎಲೆಅಡಿಕೆ ಉಗಿದು ಹೇಳಿದ: 'ಅಂದ್ರೆ ಮನೆಗೆ ಬೆಂಕಿ ಹಚ್ಚಿ, ತುಳಸಿಕಟ್ಟೆಗೆ ಒಂದ್ ಚೊಂಬು ನೀರು ಹುಯ್ದಂಗೆ.'

ಧನುಶ್ರೀ ನಕ್ಕಳು. 'ಅದು ಚೊಂಬೋ ಕೊಡವೋ ಅಂತ ಅಳೆಯೋದೇ ನನ್ನ ಕೆಲಸ ಚಲುವಯ್ಯನೋರೆ.'

ಈ ಉತ್ತರ ಅವನಿಗೆ ಹಿಡಿಸಿತು. ಒಂದು ತಿಂಗಳು ಇಬ್ಬರೂ ಊರೆಲ್ಲ ಸುತ್ತಿದರು. ಅವನು ಮರದ ಹೆಸರು ಹೇಳುವುದು, ಅವಳು ಎದೆಮಟ್ಟದಲ್ಲಿ ಟೇಪು ಸುತ್ತಿ ಬರೆದುಕೊಳ್ಳುವುದು, ಅವನು ನಂಬರಿನ ಹಳದಿ ಬಿಲ್ಲೆ ಹೊಡೆಯುವುದು. ಜಿಂಕೆ ಪಾರ್ಕಿನ ಅಲಂಕಾರದ ಗಿಡಗಳ ಮುಂದೆ ಅವಳು ಟೇಪು ತೆಗೆದಾಗ, 'ಇದ್ಕೆ ಟೇಪ್ ಯಾಕ್ ತಾಯಿ, ಉಂಗುರ ಸಾಕು' ಅನ್ನುತ್ತಿದ್ದ. ಸಂತೆ ಮೈದಾನದ ಗೋಣಿಮರಕ್ಕೆ ಮಾತ್ರ ಟೇಪು ಸಾಲದೆ, ಇಬ್ಬರೂ ಆಚೆ ಈಚೆ ನಿಂತು ಹಗ್ಗ ಸುತ್ತಿ ಅಳೆದರು. ಅದರ ನಂಬರು ಇನ್ನೂರ ಹನ್ನೆರಡು. ಚಲುವಯ್ಯನ ಹೆಂಡತಿ ಭೂತಮ್ಮ ಇಪ್ಪತ್ತು ವರ್ಷದಿಂದ ಅದರ ಬುಡದಲ್ಲೇ ಕೂತು ಸಂತೆ ದಿನ ಕಳಲೆ, ಅಣಬೆ ಮಾರುತ್ತಿದ್ದಳು.

ಲೆಕ್ಕ ಮುಗಿದ ದಿನ ಪಂಚಾಯ್ತಿ ಆಫೀಸಿನಲ್ಲಿ ಧನುಶ್ರೀ ಉತ್ತರ ಹೇಳಿದಳು. ಊರಿನ ಮರಗಳೆಲ್ಲ ಸೇರಿ ಒಂದು ವರ್ಷ ಕುಡಿಯುವ ಹೊಗೆಯನ್ನು, ಊರಿನ ಗಡಿಯೊಳಗೆ ಹಾದುಹೋಗುವ ನಾಲ್ಕು ಕಿಲೋಮೀಟರ್ ಹೆದ್ದಾರಿ ಒಂದೂವರೆ ದಿನದಲ್ಲಿ ಉಗುಳುತ್ತದೆ. ದೋಣಿಗಲ್ ಘಾಟಿಗೆ ಇಳಿಯುವ, ಹತ್ತಿಬರುವ ಲಾರಿಗಳೆಲ್ಲ ಅಲ್ಲೇ ಹೋಗಬೇಕಲ್ಲ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ನಟರಾಜ್ ಮಾತ್ರ ಒಂದಿಷ್ಟೂ ಅಲುಗಲಿಲ್ಲ.

'ಹೆದ್ದಾರಿ ದಿಲ್ಲಿಯವ್ರದ್ದು ಮೇಡಂ. ಆ ಹೊಗೆ ನಮ್ದಲ್ಲ.'

'ಮೂಗು ಯಾರದ್ದು?' ಅಂದ ಬಾಗಿಲ ಹತ್ತಿರ ನಿಂತಿದ್ದ ಚಲುವಯ್ಯ. ಯಾರೂ ಅವನನ್ನು ಕೇಳಿರಲಿಲ್ಲ.

ಹೆದ್ದಾರಿಯ ಹೊಗೆ ಬಿಟ್ಟರೂ ಲೆಕ್ಕ ಹೊಂದಲಿಲ್ಲ. ಆಗ ನಟರಾಜ್ ಊರಿನ ನಕ್ಷೆ ತರಿಸಿ, ಪಕ್ಕದ ಯೋಗಾನಂದ ಸಾಹುಕಾರರ ಇನ್ನೂರು ಎಕರೆ ಕಾಫಿತೋಟದ ಸುತ್ತ ಹಸಿರು ಪೆನ್ನಿನಲ್ಲಿ ಗೆರೆ ಎಳೆದ. ಅವತ್ತಿಂದ ಅದು 'ಪಟ್ಟಣ ಹಸಿರು ವಲಯ'. ಯೋಗಾನಂದರಿಗೇನು ನಷ್ಟ? ಮರ ಇದ್ದಲ್ಲೇ ಇರುತ್ತದೆ, ತಮ್ಮ ಹೆಸರು ಉದ್ಘಾಟನೆಯ ಕಲ್ಲಿನ ಮೇಲೆ ಬರುತ್ತದೆ. ಒಪ್ಪಿದರು.

ಬಿಲ್ಲೆ ಹೊಡೆಯಲು ತೋಟಕ್ಕೆ ಹೋದ ಚಲುವಯ್ಯ ಮೊದಲ ಸಾಲಿನಲ್ಲೇ ನಿಂತ. ಮರಗಳ ಮೇಲೆ ಆಗಲೇ ನೀಲಿ ಬಿಲ್ಲೆಗಳಿದ್ದವು. ಬೆಂಗಳೂರಿನ ಯಾವುದೋ ಕಂಪನಿ ತನ್ನ ಹೊಗೆಯ ಲೆಕ್ಕಕ್ಕೆ ಇದೇ ಮರಗಳನ್ನು ಹಿಂದಿನ ವರ್ಷವೇ ಗೊತ್ತುಮಾಡಿಕೊಂಡಿತ್ತಂತೆ. ಅವನು ನಟರಾಜನಿಗೆ ಫೋನು ಮಾಡಿದ.

'ನಟರಾಜಣ್ಣ, ಈ ಹೆಣ್ಣಿಗೆ ಆಗ್ಲೇ ತಾಳಿ ಕಟ್ಬುಟ್ಟವ್ರೆ.'

'ಪಕ್ಕದಲ್ಲಿ ಇನ್ನೊಂದ್ ಕಟ್ಟು. ಜಾಗ ಐತಲ್ಲ.'

ಚಲುವಯ್ಯ ಬೈದುಕೊಂಡೇ ಕಟ್ಟಿದ. ಎರಡು ವಾರ ಮೊಳೆ ಹೊಡೆದ. ಬಾಯಿ ಜೋರು, ಕೈ ಮಾತ್ರ ಹೇಳಿದ ಹಾಗೆ ಕೇಳುತ್ತದೆ ಅಂತ ತನ್ನನ್ನೇ ಹಳಿದುಕೊಂಡ. ಧನುಶ್ರೀ ಒಂದು ಕಾಗದ ಬರೆದು ತನ್ನ ಸರ್ವೆ ಕಂಪನಿಗೆ ಕಳಿಸಿದಳು. ಎರಡು ಕಡೆ ಎಣಿಸಿದ ಮರ ಲೆಕ್ಕಕ್ಕೆ ಬರುವುದಿಲ್ಲ ಎಂಬ ಕಾಗದ ಅದು. 'ಗಮನಿಸಲಾಗಿದೆ' ಅಂತ ಉತ್ತರ ಬಂತು.

ಪ್ರಮಾಣಪತ್ರಕ್ಕೆ ಮುಂಚೆ ಪರೀಕ್ಷೆ ಮಾಡುವವರು ಪುಣೆಯಿಂದ ಬರುವ ದಿನ ಗೊತ್ತಾಯಿತು. ಅವರ ಕಣ್ಣಿಗೆ ಬೀಳಲೆಂದು ಜಿಂಕೆ ಪಾರ್ಕಿನ ಮುಂದೆ ಇಪ್ಪತ್ತಡಿ ಎತ್ತರದ ಫಲಕ ಎದ್ದಿತು: 'ಇಂಗಾಲಮುಕ್ತ ಹೊಸಕಟ್ಟೆಗೆ ಸ್ವಾಗತ'. ಎತ್ತಿ ನಿಲ್ಲಿಸಿದ ಮೇಲೆ ನೋಡಿದರೆ ಹೆದ್ದಾರಿಯಿಂದ ಫಲಕ ಕಾಣುವುದೇ ಇಲ್ಲ. ನಡುವೆ ಸಂತೆ ಮೈದಾನದ ಗೋಣಿಮರ ಅಡ್ಡ.

ನಟರಾಜ್ ಬಂದು ಚಲುವಯ್ಯನಿಗೆ ಹೇಳಿದ: 'ಇದೊಂದ್ ಮರ ತೆಗೆದುಕೊಡು.'

'ಯಾವ್ದು?'

'ಅದೇ, ಸಂತೆ ಮೈದಾನದ್ದು.'

ತಮಾಷೆ ಇರಬಹುದೇನೋ ಅಂತ ಚಲುವಯ್ಯ ಅವನ ಮುಖ ನೋಡಿದ. ಇರಲಿಲ್ಲ.

'ಬೋರ್ಡ್ ಎತ್ತಿ ಹತ್ ಅಡಿ ಆಚೆಗಿಡು.'

'ಕಾಂಕ್ರೀಟ್ ಹಾಕಾಗೈತೆ ಮಾರಾಯ.'

'ಕೊಂಬೆ ತೆಗಿತೀನಿ. ನಿನ್ ಬೋರ್ಡು ನೆಟ್ಟಗೆ ಕಾಣೋ ಹಂಗೆ ತೆಗಿತೀನಿ. ಬುಡ ಮುಟ್ಟಾಕಿಲ್ಲ.'

'ನೀನು ಕಡಿದಿರೋ ಮರಗಳ ಬುಡ ಎಣಿಸ್ಲಾ ಚಲುವಣ್ಣ?'

ಆ ಮಾತು ನೆಟ್ಟಗೆ ಎದೆಗೇ ತಗುಲಿತು, ಸುಳ್ಳಲ್ಲದ್ದರಿಂದ. ಚಲುವಯ್ಯ ದನಿ ತಗ್ಗಿಸಿದ. 'ಕಡ್ದಿದೀನಿ ಕಣಪ್ಪ. ಆದ್ರೆ ಕಡ್ದು, ನೆಟ್ಟೆ ಅಂತ ಯಾವತ್ತೂ ಹೇಳ್ಳಿಲ್ಲ. ಹೋಗು.'

ನಟರಾಜ್ ಹೋದ. ಮರುದಿನ ಬೆಳಗ್ಗೆ ಹೊರಗಿನಿಂದ ಮೂವರು ಮೆಷಿನ್ ಗರಗಸ ತಂದರು. ಮಧ್ಯಾಹ್ನದ ಊಟದ ಹೊತ್ತಿಗೆ ಮರ ನೆಲದಲ್ಲಿತ್ತು. ಬಿದ್ದ ಸದ್ದಿಗೆ ಹೋಟೆಲಿನ ಗಾಜಿನ ಡಬ್ಬಿಗಳು ಅದುರಿದವು. ಗೂಡು ಕಳಕೊಂಡ ಬೆಳ್ಳಕ್ಕಿಗಳು ಹೊಸ ಫಲಕದ ನೆತ್ತಿಯ ಮೇಲೆ ಸಾಲಾಗಿ ಕೂತು, ಇಂಗಾಲಮುಕ್ತ ಅನ್ನುವ ಅಕ್ಷರಗಳ ಮೇಲೆ ತಮ್ಮ ಅಭಿಪ್ರಾಯವನ್ನು ಬಿಳಿ ಬಣ್ಣದಲ್ಲಿ ಬರೆದವು. ನಟರಾಜ್ ಒಬ್ಬ ಆಳನ್ನು ಏಣಿ ಹತ್ತಿಸಿ ಅದನ್ನು ತೊಳೆಸಿದ.

ಧನುಶ್ರೀ ಆಫೀಸಿಗೆ ಹೋಗಿ ಇನ್ನೂರ ಹನ್ನೆರಡನೇ ಮರವನ್ನು ಪಟ್ಟಿಯಿಂದ ತೆಗೆಯಬೇಕು ಅಂದಳು. ಪಟ್ಟಿ ಆಗಲೇ ಮೇಲಕ್ಕೆ ಹೋಗಿದೆ, ಈಗ ತೆಗೆಯಲು ಬರುವುದಿಲ್ಲ ಅಂದರು. ಮರ ತೆಗೆಯಲು ಒಂದು ಬೆಳಗ್ಗೆ ಸಾಕಾಗಿತ್ತು.

ಪುಣೆಯ ಅಧಿಕಾರಿ ಬಂದರು. ಸಣ್ಣಗೆ, ಅಚ್ಚುಕಟ್ಟಾಗಿದ್ದ ಮನುಷ್ಯ. ಕನ್ನಡ ಬಾರದು, ಧನುಶ್ರೀ ಮಾತು ತಿರುಗಿಸಿ ಹೇಳಬೇಕಿತ್ತು. ಎಲ್ಲ ಮರ ನೋಡುವ ಪದ್ಧತಿ ಇಲ್ಲವಂತೆ, ಫೋನು ತಾನೇ ಆರಿಸಿ ಹೇಳಿದ ಐದು ನಂಬರು ನೋಡಿದರೆ ಸಾಕಂತೆ. ದಾರಿ ತೋರಿಸಲು ಚಲುವಯ್ಯ. ಮೊದಲೆರಡು ಮರ ಸಿಕ್ಕವು. ಮೂರನೆಯದು ಫೋನಿನಲ್ಲಿ ಬಂತು: ಇನ್ನೂರ ಹನ್ನೆರಡು.

ನಟರಾಜ್ ಚಲುವಯ್ಯನ ಕಿವಿಗೆ ಬಾಯಿಟ್ಟ. 'ಸ್ಕೂಲ್ ಮುಂದಿನ ಮಳೆಮರಕ್ಕೆ ಆ ಬಿಲ್ಲೆ ಹೊಡ್ಸಿದೀನಿ. ಅಲ್ಲಿಗ್ ಕರ್ಕಂಡ್ ಹೋಗು.'

ಚಲುವಯ್ಯ ತಲೆಯಾಡಿಸಿದ. ಮುಂದೆ ಮುಂದೆ ನಡೆದ. ಸ್ಕೂಲಿನ ತಿರುವು ಬಂತು, ತಿರುಗಲಿಲ್ಲ. ಅರವತ್ತಡಿ ಮೇಲೂ ಅವನಿಗೆ ಯಾವತ್ತೂ ಅಷ್ಟು ಭಯವಾಗಿರಲಿಲ್ಲ. ನೆಟ್ಟಗೆ ಸಂತೆ ಮೈದಾನಕ್ಕೆ ಹೋಗಿ, ಇಬ್ಬರು ಕಾಲು ಚಾಚಿ ಮಲಗುವಷ್ಟು ಅಗಲದ ಆ ಬೊಡ್ಡೆಯ ಪಕ್ಕ ನಿಂತು ಕೈ ತೋರಿಸಿದ.

'ಹೇಳ್ ತಾಯಿ ಅವ್ರಿಗೆ. ಇದೇಯ ಇನ್ನೂರ ಹನ್ನೆರಡು. ಎಷ್ಟು ಹೊಗೆ ಕುಡಿತೈತೆ ಅಂತ ನೋಡ್ಕಳಿ.'

ಧನುಶ್ರೀ ಒಂದಕ್ಷರ ಬಿಡದೆ ಹೇಳಿದಳು. ಅಧಿಕಾರಿ ಬೊಡ್ಡೆಯನ್ನು ನೋಡಿದರು, ಫೋನು ನೋಡಿದರು, ಮತ್ತೆ ಬೊಡ್ಡೆ ನೋಡಿದರು. ಈಗ ಬಂತು ಗ್ರಹಚಾರ ನಟರಾಜನಿಗೆ ಅಂದುಕೊಂಡ ಚಲುವಯ್ಯ.

ನಟರಾಜ್ ಕಣ್ಣು ಮಿಟುಕಿಸುವುದರೊಳಗೆ ಕೈಮುಗಿದು ಮುಂದೆ ಬಂದ. ಮುದಿಮರ, ಬೀಳುವ ಅಪಾಯವಿತ್ತು, ಜನರ ಸುರಕ್ಷತೆಗಾಗಿ ತೆಗೆಯಬೇಕಾಯಿತು, ಆದರೆ ಒಂದಕ್ಕೆ ಹತ್ತರಂತೆ ಸಸಿ ನೆಡುತ್ತಿದ್ದೇವೆ, ಬನ್ನಿ ತೋರಿಸುತ್ತೇನೆ ಅಂದ. ಆಫೀಸಿನ ಹಿಂದೆ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಹತ್ತು ಅಲಂಕಾರದ ಪಾಮ್ ಗಿಡ ನಿಂತಿದ್ದವು. ಅಧ್ಯಕ್ಷರ ಮಗಳ ಮದುವೆ ಚಪ್ಪರಕ್ಕೆ ತಂದು ಮಿಕ್ಕಿದ್ದವು. ಅಧಿಕಾರಿಯ ಮುಖ ಅರಳಿತು. ಹತ್ತಕ್ಕೂ ಒಂದೊಂದು ಫೋಟೋ ತೆಗೆದರು. ಫೋನಿನಲ್ಲಿ ಏನೋ ಒತ್ತಿದರು.

'ಏನಂತೆ?' ಅಂತ ಚಲುವಯ್ಯ ಕೇಳಿದ.

ಧನುಶ್ರೀ ಅವರ ಭುಜದ ಹಿಂದಿನಿಂದ ಓದಿ, ದನಿ ಸತ್ತುಹೋದ ಹಾಗೆ ಹೇಳಿದಳು: 'ಒಂದು ಹಳೆ ಮರದ ಬದಲು ಹತ್ತು ಹೊಸವು. ಒಟ್ಟು ಒಂಬತ್ತು ಮರ ಹೆಚ್ಚಳ. ಊರಿಗೆ ಅಭಿನಂದನೆ.'

ಮನೆಗೆ ಬಂದು ಜಗಲಿಯ ಮೇಲೆ ಕೂತ ಚಲುವಯ್ಯ ಹೆಂಡತಿ ಕೊಟ್ಟ ಕಾಫಿ ಆರುವವರೆಗೂ ಮುಟ್ಟಲಿಲ್ಲ. ವಿಷಯ ಕೇಳಿ ಭೂತಮ್ಮ ಸಮಾಧಾನ ಹೇಳುವವಳಲ್ಲ, ಸೆರಗು ಬಾಯಿಗಿಟ್ಟು ನಕ್ಕಳು.

'ಅಲ್ಲ ಕಣ್ ಮಾರಾಯ, ನೀನು ಸುಮ್ಕೆ ಸ್ಕೂಲ್ ತಾವ್ ಕರ್ಕಂಡ್ ಹೋಗಿದ್ರೆ ಒಂದೇ ಮರದ ಸುಳ್ಳು ಆಗಿರೋದು. ನಿಜ ಹೇಳಾಕ್ ಹೋಗಿ ಹತ್ತು ಮಾಡ್ಬುಟ್ಯಲ್ಲೋ!'

'ನಗ್ಬ್ಯಾಡ ಕಣೆ.'

'ನಗ್ದೆ ಏನ್ ಮಾಡ್ಲಿ? ಮುಂದಿನ ಸಂತೆಗೆ ನಾನು ಬಿಸ್ಲಲ್ಲಿ ಕೂರ್ಬೇಕು. ಆ ಹತ್ ಗಿಡದ ಕೆಳಗೆ ಒಂದೊಂದ್ ಅಣಬೆ ಇಟ್ಕಂಡು ಮಾರ್ಲಾ?'

ಅವನಿಗೂ ನಗು ಬಂತು, ತಡೆದುಕೊಂಡ.

ಪ್ರಮಾಣಪತ್ರ ಜೂನ್‌ನಲ್ಲಿ ಬಂತು. ಸಮಾರಂಭವಾಯಿತು, ಜನರೇಟರ್ ಹಾಕಿ ದೀಪ ಹಚ್ಚಿದರು. ಧನುಶ್ರೀ ಬರಲಿಲ್ಲ. ವರದಿಗೆ ಸಹಿ ಹಾಕುವುದಿಲ್ಲ ಅಂತ ಬರೆದುಕೊಟ್ಟು ಕೆಲಸ ಬಿಟ್ಟಿದ್ದಳು. ಅವಳ ಜಾಗಕ್ಕೆ ಬಂದವನು ಊರನ್ನೇ ನೋಡದೆ ಸಹಿ ಹಾಕಿದ. ಅವಳೀಗ ಹಾಸನದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಯಾವುದಾದರೂ ಮರದ ಹೆಸರು ಗೊತ್ತಾಗದಿದ್ದರೆ ಎಲೆಯ ಫೋಟೋ ಕಳಿಸಿ ಚಲುವಯ್ಯನಿಗೆ ಫೋನು ಮಾಡುತ್ತಾಳೆ. ಫೋಟೋ ನೋಡಲು ಅವನು ಪಕ್ಕದ ಮನೆಗೆ ಓಡುತ್ತಾನೆ, ಅವನ ಹತ್ತಿರ ಇರುವುದು ಗುಂಡಿಯ ಫೋನು. ಆ ಹತ್ತು ಪಾಮ್ ಗಿಡಗಳು ಚೀಲದಿಂದ ಇಳಿಯಲೇ ಇಲ್ಲ, ದೀಪಾವಳಿ ಹೊತ್ತಿಗೆ ಒಣಗಿ ಬಿದ್ದವು. ಲೆಕ್ಕದಲ್ಲಿ ಚೆನ್ನಾಗಿ ಬೆಳೆಯುತ್ತಿವೆ.

ಎರಡು ವರ್ಷ ಬಿಟ್ಟು ನಟರಾಜ್ ಮತ್ತೆ ಬಂದ. ಹಲ್ಲು ಕಿರಿದು ಜಗಲಿಯ ಮೇಲೆ ಕೂತ. ಎರಡನೇ ಹಂತ ಶುರುವಂತೆ, ಇನ್ನೂ ಆರುನೂರು ಮರ ಬೇಕಂತೆ.

'ಆರ್‌ನೂರಾ?' ಅಂದ ಚಲುವಯ್ಯ. 'ಅದ್ಕೇನ್ ಕಷ್ಟ? ಅರವತ್ತು ಕಡ್ದಾಕು.'

ನಟರಾಜ್‌ಗೆ ಬೇಜಾರಾಗಲಿಲ್ಲ. ಬೇಜಾರಾಗುವ ಜಾತಿಯೇ ಅಲ್ಲ ಅದು. ಹೊಟ್ಟೆ ಹಿಡಿದು ನಕ್ಕು, ಒಂದು ಲೋಟ ಕಾಫಿ ಕುಡಿದು, ನೆಟ್ಟಗೆ ಆಚೆ ಬೀದಿಯಲ್ಲಿ ಮರಗಸಿಯನ್ನೇ ಮಾಡುವ ಹುಚ್ಚಣ್ಣನ ಮನೆಗೆ ಹೋದ. ಹುಚ್ಚಣ್ಣ ಒಪ್ಪಿಕೊಂಡ.

ಚಲುವಯ್ಯನಿಗೆ ಈಗ ಅರವತ್ತೊಂದು. ಮಂಡಿ ಹಿಡಿದುಕೊಂಡಿದೆ, ತೀರಾ ಎತ್ತರದ ಮರ ಹತ್ತುವುದಿಲ್ಲ. ಈ ಮೇ ತಿಂಗಳು ಹೆತ್ತೂರಿನ ಕಡೆ ಒಂದು ತೋಟದಲ್ಲಿ ಕೆಳಗೆ ನಿಂತು, ಮೇಲಿದ್ದವರಿಗೆ ಯಾವ ಕೊಂಬೆ ತೆಗೆಯಬೇಕು, ಯಾವುದು ಬಿಡಬೇಕು ಅಂತ ಕೂಗಿ ಹೇಳುತ್ತಿದ್ದ. ತೋಟದ ಹೊಸ ರೈಟರ್ ಬಂದು, ಅಜ್ಜ ಇಷ್ಟು ಜೋರಾಗಿ ಯಾಕೆ ಬೈತೀರಿ ಅಂದ. 'ನಾನೆಲ್ಲಪ್ಪ ಬೈದೆ, ದಾರಿ ತೋರಿಸ್ತಾ ಇವ್ನಿ' ಅಂದ ಚಲುವಯ್ಯ, ಮತ್ತೆ ಕತ್ತೆತ್ತಿ ಮೇಲಿನವನಿಗೆ ಕೂಗಿದ: 'ಲೇ, ಆ ಹಲಸಿನ ಕೊಂಬೆ ಮುಟ್ಬ್ಯಾಡ ಕಣ್ಲಾ, ಅದ್ರಲ್ಲಿ ಕಾಯಿ ಐತೆ!'