ಕಲ್ಯಾಣಿಗೆ ಇಳಿದ ಕಾಲು

ಮೊದಲು ಎದ್ದದ್ದು ಒಂದು ಬೊಬ್ಬೆ. ನನ್ನ ಗಂಡನ ಬಲಗಾಲಿನ ಗಿಣ್ಣಿನ ಮೇಲೆ, ಹುಣಸೆ ಬೀಜದಷ್ಟು.

"ಲೇ, ಕೆಂಡ ಇಟ್ಟಂಗೆ ಉರೀತೈತೆ ಕಣೇ," ಎಂದರು.

ಇವರು ಬೆಂಗಳೂರಿನ ಒಂದು ಕಾರ್ಖಾನೆಯ ಫುಟ್‌ಬಾಲ್ ಆಟಗಾರರು. ಯುದ್ಧದ ಕಾಲದಲ್ಲಿ ಹೊಸಕೋಟೆ ರಸ್ತೆಯ ಕ್ಯಾಂಪಿನಲ್ಲಿ ಬಿಳಿ ಸಿಪಾಯಿಗಳ ಜೊತೆ ಆಡಿ ಕಲಿತದ್ದು. ಅವರಲ್ಲೊಬ್ಬ ಇಂಗ್ಲೆಂಡಿನಲ್ಲಿ ಚೆಂಡು ಒದ್ದೇ ಹೊಟ್ಟೆ ಹೊರೆಯುತ್ತಿದ್ದನಂತೆ. ಅದನ್ನು ಕೇಳಿದಾಗಿನಿಂದ ಇವರಿಗೂ ಅದೇ ಹುಚ್ಚು. ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ನೆರೆಮನೆಯ ಮುನಿಯಕ್ಕ, "ಒದ್ದರೆ ಸಂಬಳ ಕೊಡ್ತಾರಾ? ನನ್ನ ಎಮ್ಮೇನೂ ಒದೀತೈತೆ, ಅದಕ್ಕೂ ಒಂದು ಕೆಲಸ ಕೊಡಿಸಮ್ಮ," ಎಂದು ಬೀದಿಯೆಲ್ಲ ನಗಿಸಿದ್ದಳು. ಇವರು ಮನೆ ಅಳಿಯ ಬೇರೆ. ನಂದಗುಡಿ ಹತ್ತಿರದ ನಮ್ಮ ತವರಿನಲ್ಲೇ ನಮ್ಮ ಸಂಸಾರ. ವಾರವೆಲ್ಲ ಬೆಂಗಳೂರು, ಶನಿವಾರ ಊರು.

ಉರಿ ತಡೆಯಲಾರದೆ ಒದ್ದಾಡುತ್ತಿದ್ದವರನ್ನು ನಾನೇ ಕಲ್ಯಾಣಿಗೆ ಕರೆದುಕೊಂಡು ಹೋದೆ. ಊರಿಗೆಲ್ಲ ಕುಡಿಯುವ ನೀರು ಅಲ್ಲಿಂದಲೇ. ಮೆಟ್ಟಿಲ ಮೇಲೆ ಕೂರಿಸಿ, "ಕಾಲು ಇಳಿಬಿಡಿ, ತಣ್ಣಗಾಗ್ತದೆ," ಎಂದೆ. ಬೊಬ್ಬೆ ನೀರಿನಲ್ಲೇ ಒಡೆಯಿತು. ಬೆಳ್ಳಗೆ ಏನೋ ಕದಡಿ ಹೋಯಿತು. ಇವರು ಕಣ್ಣು ಮುಚ್ಚಿ, "ಹಾ, ಜೀವ ಬಂತು," ಎಂದರು. ಮಾರನೆಯ ದಿನವೂ ಕರೆದುಕೊಂಡು ಹೋದೆ. ಎಂಥ ಜಾಣೆ ನಾನು ಎಂದುಕೊಂಡೆ.

ಆಮೇಲೆ ಗಾಯದಿಂದ ಬಿಳಿ ದಾರದಂಥದ್ದು ಇಣುಕಿತು.

ಅವ್ವ ನೋಡಿದ ಕೂಡಲೇ ಹೇಳಿದಳು. "ನಾರುಹುಳ. ಕಡ್ಡಿಗೆ ಸುತ್ತಿ ದಿನಾ ಒಂಚೂರು ಎಳೀಬೇಕು. ಅವಸರ ಮಾಡಿದ್ರೆ ಒಳಗೇ ಕಡಿದೋಗ್ತದೆ, ಕಾಲು ಕೆಡ್ತದೆ." ಹೇಳಿದವಳೇ ಹುಳದ ತುದಿಯನ್ನು ಒಂದು ಕಡ್ಡಿಗೆ ಸುತ್ತಿ ಕಟ್ಟಿದಳು.

ಆದರೆ ಮುಂದಿನ ವಾರವೇ ದೊಡ್ಡ ಪಂದ್ಯ. ಅದರಲ್ಲಿ ಚೆನ್ನಾಗಿ ಆಡಿದರೆ ಕೆಲಸ ಖಾಯಂ. ಕಾಲಿಗೆ ಹುಳದ ಕಡ್ಡಿ ಕಟ್ಟಿಕೊಂಡು ಮೈದಾನಕ್ಕೆ ಇಳಿಯುವುದು ಹೇಗೆ? ಇವರ ತಂಡದವರೆಲ್ಲ ಬರಿಗಾಲಲ್ಲೇ ಆಡುವವರು. ಬೂಟು ಹಾಕಿದವರನ್ನು ಕಂಡರೆ ಇವರಿಗೆ ನಗು. ಅಂಥ ಇವರೇ ಯಾರದೋ ಬೂಟು ಬೇಡಿ ತಂದರು. ಕಡ್ಡಿ ಬಿಚ್ಚಿ, ಹುಳವನ್ನು ಬಟ್ಟೆಯಲ್ಲಿ ಸುತ್ತಿ, ಬೂಟಿನೊಳಗೆ ತುರುಕಿದರು. "ಮೈಯಲ್ಲಿ ಹುಳ ಬಿದ್ದೋನು ಅಂತ ನಗ್ತಾರೆ ಕಣೇ," ಎಂದರು. ನಾನೇ ಲಾಡಿ ಕಟ್ಟಿಕೊಟ್ಟೆ.

ಅರ್ಧ ಆಟದಲ್ಲೇ ಹುಳ ಒಳಗೇ ತುಂಡಾಯಿತಂತೆ. ತಂಡದವರು ಮನೆಗೆ ಹೊತ್ತು ತಂದರು. ಕಾಲು ಸೋರೆಕಾಯಿಯಂತೆ ಊದಿತ್ತು, ಮೈ ಕಾದ ಹಂಚಿನಂತಿತ್ತು. ಗಾಡಿ ಕಟ್ಟಿಸಿ ಹೊಸಕೋಟೆಯ ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ ಮಾಡಿ ಕೀವು ತೆಗೆದರು. ದಿನಾ ಡ್ರೆಸ್ಸಿಂಗ್. ಇವರ ಕೂಗು ವಾರ್ಡಿನ ಆಚೆಗೂ ಕೇಳುತ್ತಿತ್ತು. ನಾನು ಸೆರಗು ಬಾಯಿಗೆ ತುರುಕಿಕೊಂಡು ಕೂರುತ್ತಿದ್ದೆ. ಜೀವ ಉಳಿಯಿತು. ಕೀಲು ಮಾತ್ರ ಕಟ್ಟಿಗೆಯಾಯಿತು. ಇನ್ನು ಆಟವಿಲ್ಲ ಎಂದರು ಡಾಕ್ಟರ್. ಇವರು ಗೋಡೆ ಕಡೆ ತಿರುಗಿ ಮಲಗಿದರು.

ಬಿಡುಗಡೆಯ ದಿನ ಡಾಕ್ಟರ್ ನನ್ನನ್ನು ಕೇಳಿದರು. "ಗಾಯ ಆದ್ಮೇಲೆ ಕಾಲನ್ನ ನೀರಿಗೇನಾದ್ರೂ ಇಳಿಸಿದ್ರಾ?"

"ಹೂಂ ಸ್ವಾಮಿ, ಕಲ್ಯಾಣಿಗೆ ನಾನೇ ಕರ್ಕೊಂಡು ಹೋಗಿದ್ದೆ," ಎಂದೆ. ಹೊಗಳುತ್ತಾರೆ ಎಂದುಕೊಂಡಿದ್ದೆ.

"ಆ ನೀರನ್ನ ಯಾರು ಕುಡೀತಾರಮ್ಮ?"

ಊರೆಲ್ಲ.

ಅವರು ಮೆಲ್ಲಗೆ ಬಿಡಿಸಿ ಹೇಳಿದರು. ಹುಳ ನೀರಿನಲ್ಲಿ ಮರಿ ಬಿಡುತ್ತದೆ. ಆ ನೀರು ಕುಡಿದವರಿಗೆ ವರ್ಷದ ತನಕ ಏನೂ ತಿಳಿಯುವುದಿಲ್ಲ, ಆಮೇಲೆ ಹೀಗೇ ಬೊಬ್ಬೆ ಏಳುತ್ತದೆ. "ದಪ್ಪ ಬಟ್ಟೇಲಿ ಸೋಸಿ ಕುಡಿಯೋಕೆ ಹೇಳಿ, ಇವತ್ತೇ ಹೇಳಿ," ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಂಡನ ಕಾಲು ಹೋದ ದುಃಖ ಒಂದು ಕಡೆ ಇರಲಿ, ನಾಚಿಕೆಯಿಂದ ಅಳಲೂ ಆಗಲಿಲ್ಲ. ಮುನಿಯಕ್ಕನ ಮನೆಯ ಚಿಕ್ಕ ಮಕ್ಕಳೂ ಅದೇ ನೀರು ಕುಡಿಯುತ್ತವೆ.

ದಾರಿಯುದ್ದಕ್ಕೂ ಇವರನ್ನು ಬೇಡಿಕೊಂಡೆ. "ಏನೂಂದ್ರೆ, ನೀರು ಸೋಸಿ ಅಂತ ಮಾತ್ರ ಹೇಳೋಣ. ನಮ್ಮಿಂದ ಅಂತ ಬ್ಯಾಡ. ಮನೆ ಅಳಿಯ ಊರ ನೀರು ಕೆಡಿಸಿದ ಅಂತಾರೆ. ಅವ್ವ ತಲೆ ಎತ್ತಿ ಓಡಾಡಂಗಿಲ್ಲ."

"ಸುಮ್ನೆ ಸೋಸಿ ಅಂದ್ರೆ ಯಾರು ಸೋಸ್ತಾರೆ? ನೀನು ಸೋಸ್ತಿದ್ದೆಯಾ?" ಎಂದರು.



ಬೆಳಿಗ್ಗೆ ಹೆಂಗಸರು ಕೊಡ ಹಿಡಿದು ಬರುವ ಹೊತ್ತಿಗೆ ಇವರು ಕೋಲೂರಿಕೊಂಡು ಕಲ್ಯಾಣಿಯ ಮೇಲಿನ ಮೆಟ್ಟಿಲಲ್ಲಿ ನಿಂತರು. ಪಂಚೆ ಎತ್ತಿ ಕಾಲು ತೋರಿಸಿದರು. ನಡೆದದ್ದನ್ನೆಲ್ಲ ಹೇಳಿದರು. ನಾನು ಇವರ ಬೆನ್ನ ಹಿಂದೆ ನಿಂತಿದ್ದೆ. ಮುನಿಯಕ್ಕ ಕೊಡ ಕುಕ್ಕಿದಳು.

"ಥೂ, ನಿನ್ನ ಕಾಲು ಸೇದೋಗ!"

ಅಂದವಳೇ ಇವರ ಕಾಲು ನೋಡಿ ನಾಲಿಗೆ ಕಚ್ಚಿಕೊಂಡಳು.

"ಸೇದೋಗೈತೆ ಮುನಿಯಕ್ಕ," ಎಂದರು ಇವರು. "ನಿನ್ನ ಮಕ್ಕಳದು ಉಳೀಲಿ. ಸೋಸ್ಕೊಂಡು ಕುಡೀರಿ."

ನನಗೆ ಅಲ್ಲಿ ಅಡಗಿ ನಿಲ್ಲಲು ಆಗಲಿಲ್ಲ. ಮುಂದೆ ಬಂದೆ. "ಕಾಲು ಇಳಿಬಿಡಿ ಅಂದೋಳು ನಾನು," ಎಂದೆ. ಸೋಸಲೆಂದು ತಂದಿದ್ದ ನನ್ನ ಮದುವೆಯ ಸೀರೆಯಿಂದ ಒಂದು ತುಂಡು ಹರಿದು ಮುನಿಯಕ್ಕನ ಕೊಡದ ಬಾಯಿಗೆ ಹಿಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ತೆಳ್ಳಗೈತೆ. ಇನ್ನೊಂದು ಮಡಿಕೆ ಹಾಕು," ಎಂದಳು.