ಕಾಳಪ್ಪ ಕಾಕಾ ಹೇಳಿದ್ದರು

ಬಡಿಗೇರ ಕಾಳಪ್ಪ ಕಾಕಾ ನನಗೆ ಹೇಳಿದ್ದರು. ನನ್ನ ಮುಖ ನೋಡಿ, ಒಂದಲ್ಲ ಎರಡು ಸಲ ಹೇಳಿದ್ದರು. ಅವರು ಏನೂ ಹೇಳಿಲ್ಲ ಎಂದು ಓಣಿಯ ಜನರ ಎದುರು ನಾನು ಅಂದದ್ದು ಸುಳ್ಳು. ಆ ಸುಳ್ಳಿಗೆ ಈಗ ಇಪ್ಪತ್ತೊಂದು ವರ್ಷ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮದುವೆಯಾದೆ, ಮಕ್ಕಳಾದವು, ಊರಲ್ಲಿ ಜಗಳವಾದರೆ ನಾಲ್ಕು ಜನ ಬಂದು ‘ಈರಣ್ಣ, ನೀ ಒಂದ ಮಾತ ಹೇಳು’ ಎನ್ನುವಂಥ ಮನುಷ್ಯನೂ ಆದೆ— ಯಾವ ಬಾಯಿಂದ ಹೇಳುತ್ತಿದ್ದೆನೋ.

ಸುರೇಬಾನದಿಂದ ತೊರಗಲ್ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹೊಲ. ಆಗ ಜೋಳ, ಕಡಲೆ ಬಿಟ್ಟರೆ ಬೇರೆ ಬೆಳೆಯುತ್ತಿರಲಿಲ್ಲ. ಒಡ್ಡಿನುದ್ದಕ್ಕೂ ಜಾಲಿಗಿಡಗಳು. ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಎರಡೋ ಮೂರೋ ಗಿಡ ಕಡಿದು ವರ್ಷದ ಕಟ್ಟಿಗೆ ಮಾಡಿಕೊಳ್ಳುವುದು ಮನೆಯ ರೂಢಿ. ಅದಕ್ಕೆ ಆಳು ಕರೆಯುತ್ತಿರಲಿಲ್ಲ, ಮನೆಮಂದಿಯೇ ಹೋಗುತ್ತಿದ್ದೆವು. ಯಾವ ಗಿಡ ಕಡಿಯಬೇಕು, ಯಾವುದನ್ನು ಬೆಳೆಯಲು ಬಿಡಬೇಕು ಎಂದು ತೋರಿಸುವವನು ಅಪ್ಪ. ಬೊಡ್ಡೆಗೆ ಏಟು ಹಾಕುವವನು ನನ್ನ ಅಣ್ಣ ಬಸವರಾಜ. ಟೊಂಗೆ ಸವರುವವನು ನಾನು. ಅವ್ವ ಮತ್ತು ಅಣ್ಣನ ಹೆಂಡತಿ ಗಂಗವ್ವ ವೈನಿ ಮುಳ್ಳುಟೊಂಗೆಗಳನ್ನು ಎಳೆದು ಬೇಲಿಗೆಂದು ಒಟ್ಟುತ್ತಿದ್ದರು. ಜಾಲಿಯ ಮುಳ್ಳು ಚುಚ್ಚಿದರೆ ವಾರಗಟ್ಟಲೆ ನೋವು. ಆದರೂ ಆ ದಿನಗಳು ನಮಗೆ ಹಬ್ಬದಂತೆ ಇರುತ್ತಿದ್ದವು. ವೈನಿ ಬೆಳಿಗ್ಗೆಯೇ ತಟ್ಟಿ ತಂದ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ— ಬಿದ್ದ ಗಿಡದ ಮೇಲೆಯೇ ಕುಳಿತು ತಿನ್ನುತ್ತಿದ್ದೆವು.

ಆ ವರ್ಷ ಕೊಡಲಿಯ ಕಾವು, ಅಂದರೆ ಮರದ ಹಿಡಿ, ಸೀಳಿತ್ತು. ‘ಕಾಳಪ್ಪನ ಕಡೆ ಕೊಟ್ಟ ಬಾ, ಹೊಸಾ ಕಾವು ಹಾಕಲಿ’ ಎಂದು ಅಪ್ಪ ನನ್ನ ಕೈಗೆ ಕೊಟ್ಟ. ನನಗೆ ಇಪ್ಪತ್ತೈದು ವರ್ಷ, ತಿಳಿಯದ ವಯಸ್ಸೇನಲ್ಲ. ಗೆಳೆಯರು ವಾಲಿಬಾಲ್ ಆಡಲು ರಾಮದುರ್ಗಕ್ಕೆ ಹೊರಟಿದ್ದರು. ಕೊಡಲಿಯನ್ನು ದನದ ಕೊಟ್ಟಿಗೆಯ ಮೂಲೆಗೆ ಒಗೆದು ಅವರ ಹಿಂದೆ ಓಡಿದೆ. ಸಂಜೆ ಅಪ್ಪ ಕೇಳಿದಾಗ ‘ಕೊಟ್ಟೇನಿ’ ಅಂದೆ. ನಾಳೆ ಕೊಟ್ಟರಾಯಿತು ಅಂದುಕೊಂಡೆ— ಆ ನಾಳೆ ಎಂಟು ದಿನ ಬರಲಿಲ್ಲ.

ಒಂದು ದಿನ ಉಣ್ಣುತ್ತ ಕುಳಿತಿದ್ದಾಗ ಅಪ್ಪ, ‘ನಾಳೆ ಮುಂಜಾನೆ ಗಿಡಾ ಕಡ್ಯಾಕ ಹೋಗೂಣು, ಕೊಡಲಿ ತಂದ ಇಡು’ ಅಂದ. ಅರ್ಧ ಊಟಕ್ಕೇ ಎದ್ದೆ. ಕೊಟ್ಟಿಗೆಯಿಂದ ಕೊಡಲಿ ತೆಗೆದುಕೊಂಡು ಕಾಳಪ್ಪ ಕಾಕಾರ ಛಪ್ಪರಕ್ಕೆ ಓಡಿದೆ. ಅವರು ಕೂರಿಗೆ ಕೆತ್ತುತ್ತ ಕುಳಿತಿದ್ದರು.

‘ಒಣಗಿದ ಕಾವು ಒಂದೂ ಇಲ್ಲೋ ತಮ್ಮಾ. ಹಸಿ ಟೊಂಗಿ ಅದಾವ ಅಷ್ಟ. ಹದಿನೈದ ದಿನಾ ತಡಿ.’

ನಾನು ತಡೆಯಲಿಲ್ಲ. ಕಾಡಿದೆ, ಕಾಲು ಹಿಡಿಯುವುದೊಂದು ಬಾಕಿ. ಅಪ್ಪನ ಸಿಟ್ಟು ಅವರಿಗೂ ಗೊತ್ತು, ಕನಿಕರ ಬಂದಿರಬೇಕು. ಹಸಿ ಟೊಂಗೆಯನ್ನೇ ಕೆತ್ತಿ ಕಾವು ಕೂಡಿಸಿ ಕೊಟ್ಟರು. ಕೊಡುವಾಗ ನನ್ನ ರಟ್ಟೆ ಹಿಡಿದು ಹೇಳಿದರು:

‘ಇದು ಹಸೀದೈತಿ, ಒಣಗಿದಂಗ ಸೊರಗತೈತಿ. ನೆರಳಾಗ ಇಡು. ಹದಿನೈದ ದಿನಕ್ಕ ತೊಗೊಂಡ ಬಾ, ಕಬ್ಬಿಣದ ಬೆಣಿ ಬಡದ ಕೊಡತೇನಿ. ಅಲ್ಲೀತನಕ ಯಾರೂ ಇದರ್ಲೆ ಹೊಡೀಬ್ಯಾಡ್ರಿ. ಅಪ್ಪಗ ಹೇಳು. ತಿಳೀತಿಲ್ಲೋ?’

‘ತಿಳೀತರಿ’ ಅಂದೆ.

ಹೊರಗೆ ಬಂದು ನಾಲ್ಕು ಹೆಜ್ಜೆ ಹಾಕಿದ್ದೆ. ಹಿಂದಿನಿಂದ ಮತ್ತೊಮ್ಮೆ ಕೂಗಿದರು, ‘ಹೊಡೀಬ್ಯಾಡ್ರಿ ಮತ್ತ!’

ಮನೆಗೆ ಬಂದು ನಾನು ಅಪ್ಪನಿಗೆ ಏನೂ ಹೇಳಲಿಲ್ಲ. ಹೇಳಿದರೆ ಎಂಟು ದಿನದ ಸುಳ್ಳು ಹೊರಬೀಳುತ್ತಿತ್ತು. ಎರಡು ಬೈಗುಳ, ಹೆಚ್ಚೆಂದರೆ ಬೆನ್ನಿಗೊಂದು ಏಟು— ಅಷ್ಟಕ್ಕೆ ಹೆದರಿದೆ. ಅಷ್ಟೇ ಅಲ್ಲ. ಬೇಗ ಒಣಗಲೆಂದು ಕೊಡಲಿಯನ್ನು ನೀರೊಲೆಯ ಮಗ್ಗುಲಲ್ಲಿ ಇಟ್ಟವನೂ ನಾನೇ. ನೆರಳಲ್ಲಿಡು ಎಂದವರ ಮಾತನ್ನು ಬೆಂಕಿಯ ಪಕ್ಕ ಇಟ್ಟೆ.

ಮರುದಿನ ಹೊಲದಲ್ಲಿ ಮೊದಲು ಕೊಡಲಿ ಹಿಡಿದವನು ನಾನು. ನಾಲ್ಕು ಟೊಂಗೆ ಕಡಿಯುವಷ್ಟರಲ್ಲಿ ಅದು ಕಾವಿನ ಮೇಲೆ ಅಲುಗಾಡಿದ್ದು ಅಂಗೈಗೆ ತಿಳಿಯಿತು. ಇಲ್ಲಿಗೇ ನಿಲ್ಲಿಸಬಹುದಿತ್ತು. ಈಗಲೂ ಆ ಗಳಿಗೆಗೆ ಹೋಗಿ ನಿಲ್ಲುತ್ತೇನೆ— ಅಪ್ಪ ದೂರದಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದಾನೆ, ಅಣ್ಣ ತಲೆಗೆ ಟವೆಲ್ಲು ಸುತ್ತುತ್ತಿದ್ದಾನೆ, ಬಾಯಿ ತೆರೆದರೆ ಸಾಕು... ನಾನು ಕಾವಿನ ಬುಡವನ್ನು ಕಲ್ಲಿಗೆ ನಾಲ್ಕು ಸಲ ಕುಟ್ಟಿ, ಬಿಗಿಯಾಯಿತು ಅಂದುಕೊಂಡು ಅಣ್ಣನ ಕೈಗೆ ಕೊಟ್ಟೆ.

ಅಣ್ಣ ಬೊಡ್ಡೆಗೆ ಹತ್ತು ಹನ್ನೆರಡು ಏಟು ಹಾಕಿರಬೇಕು. ವೈನಿ ಆಚೆ ಬಗ್ಗಿ ನಾನು ಕಡಿದಿದ್ದ ಟೊಂಗೆಯನ್ನು ಎಳೆಯುತ್ತಿದ್ದಳು. ಕೊಡಲಿ ಕಳಚಿಕೊಂಡು ಹೋದದ್ದು ನನಗೆ ಕಾಣಲಿಲ್ಲ. ಅಣ್ಣ ಬರೀ ಕಾವು ಹಿಡಿದು ನಿಂತದ್ದು ಕಂಡಿತು. ಆಮೇಲೆ ವೈನಿಯ ಕೂಗು.

ಅವಳ ಬಲಗೈ. ಅವ್ವ ಸೆರಗು ಹರಿದು ಸುತ್ತಿದಳು. ಟ್ರ್ಯಾಕ್ಟರಿನಲ್ಲಿ ರಾಮದುರ್ಗಕ್ಕೆ ಒಯ್ದೆವು, ಅಲ್ಲಿಂದ ಬೆಳಗಾವಿಗೆ. ಎರಡು ಬೆರಳು ಹೋದವು; ಉಳಿದವು ಮತ್ತೆಂದೂ ಪೂರ್ತಿ ಮಡಚಲಿಲ್ಲ. ನಮ್ಮ ಮನೆಗೆ ಬಂದು ಮೂರು ವರ್ಷವಾಗಿದ್ದ ಹೆಣ್ಣುಮಗಳು. ಅವಳು ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೆ ಕೇಳುತ್ತಿತ್ತು. ಅದು ನಿಂತಿತು.

ಮೂರನೆಯ ದಿನ ಅಪ್ಪ ನನ್ನನ್ನೂ ಅಣ್ಣನನ್ನೂ ಕರೆದುಕೊಂಡು ಕಾಳಪ್ಪ ಕಾಕಾರ ಛಪ್ಪರಕ್ಕೆ ಹೋದ. ಬರೀ ಕಾವನ್ನು ಅವರ ಮುಂದೆ ಒಗೆದ. ‘ಎಂಟ ದಿನಾ ಇಟಗೊಂಡ ಹಸಿ ಕಾವು ಹಾಕಿ ಕೊಟ್ಟೀಯಲ್ಲೋ, ನನ್ನ ಸೊಸಿ ಕೈ ತಗದಿ’ ಎಂದು ಒದರಿದ. ಜನ ಕೂಡಿದರು. ಕಾಳಪ್ಪ ಕಾಕಾ ಎದ್ದು ನಿಂತರು.

‘ಯಜಮಾನ್ರ, ಎಂಟ ದಿನಾ ಎಲ್ಲಿ? ಹಿಂದಿನ ದಿನಾ ತಂದ ಕೊಟ್ಟಾನ. ಹೊಡೀಬ್ಯಾಡ್ರಿ ಅಂತ ಹೇಳಿ ಕೊಟ್ಟೇನಿ. ಕೇಳ್ರಿ ನಿಮ್ಮ ಮಗನ್ನ.’ ನನ್ನತ್ತ ತಿರುಗಿದರು. ‘ಹೇಳೋ ತಮ್ಮಾ, ನಾ ಏನ್ ಹೇಳಿದ್ನಿ ನಿನಗ?’

ಎಲ್ಲರೂ ನನ್ನನ್ನು ನೋಡಿದರು. ಅಣ್ಣ ನೋಡಿದ. ಮೂರು ದಿನದಿಂದ ಅವನು ಊಟ ಮಾಡಿರಲಿಲ್ಲ.

‘ಏನೂ ಹೇಳಿಲ್ಲ’ ಅಂದೆ. ‘ಎಂಟ ದಿನದ ಹಿಂದ ಕೊಟ್ಟಿದ್ನಿ.’

ಕಾಕಾ ಬಯ್ಯಲಿಲ್ಲ, ಆಣೆ ಮಾಡಲಿಲ್ಲ. ನನ್ನನ್ನೇ ನೋಡುತ್ತ ನಿಂತುಬಿಟ್ಟರು— ಕಣ್ಣಲ್ಲಿ ಸಿಟ್ಟು ಇರಲಿಲ್ಲ, ಏನೋ ಗೊಂದಲ ಇತ್ತು. ಅದು ಏನೆಂದು ನನಗೆ ತಿಳಿದದ್ದು ಇಪ್ಪತ್ತು ವರ್ಷದ ಮೇಲೆ.

ಊರು ಅವರನ್ನು ಹೊರಗೆ ಹಾಕಲಿಲ್ಲ, ಮೆಲ್ಲಗೆ ಬಿಟ್ಟುಬಿಟ್ಟಿತು. ಕುಂಟಿ, ಕೂರಿಗೆ ರಿಪೇರಿಗೆ ಜನ ಬೇರೆ ಊರಿಗೆ ಒಯ್ಯತೊಡಗಿದರು. ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳ ಪಡೆಯುವುದು ಅವರ ಹಕ್ಕಾಗಿತ್ತು. ಮುಂದಿನ ಸುಗ್ಗಿಗೆ ಅಪ್ಪ ಅವರನ್ನು ಕಣದ ಹೊರಗೇ ನಿಲ್ಲಿಸಿ ಕಳಿಸಿದ. ಎರಡು ವರ್ಷಕ್ಕೆ ಅವರು ಹೆಂಡತಿಯನ್ನು ಕರೆದುಕೊಂಡು ಮಗಳ ಊರಿಗೆ ಹೋದರು. ನನಗೆ ಹಗುರಾಯಿತು. ಹೌದು, ಬರೆಯಲು ನಾಚಿಕೆ— ಹಗುರಾಯಿತು.

ಹೋದ ಬೇಸಿಗೆಯ ಮೊದಲಿಗೆ ಹೊಸ ಕೋಣೆಗೆ ಬಾಗಿಲ ಚೌಕಟ್ಟು ನೋಡಲು ಕಿತ್ತೂರಿಗೆ ಹೋಗಿದ್ದೆ. ಹೈವೇ ಪಕ್ಕದ ಒಂದು ಅಂಗಡಿಯ ಬಾಗಿಲಲ್ಲಿ ಮುದುಕರೊಬ್ಬರು ಮಂಚದ ಕಾಲಿಗೆ ಉಪ್ಪುಕಾಗದ ತಿಕ್ಕುತ್ತ ಕುಳಿತಿದ್ದರು. ನಾನು ಗುರುತಿಸುವ ಮೊದಲೇ ಅವರು ಗುರುತಿಸಿದರು.

‘ಸುರೇಬಾನದ ಈರಣ್ಣ ಹೌದಲ್ಲೋ? ಬಾ, ಕುಂಡರ್ ಬಾ.’

ಅಳಿಯನ ಅಂಗಡಿಯಂತೆ. ಚಹಾ ತರಿಸಿದರು. ಮೊದಲು ಕೇಳಿದ್ದು ವೈನಿಯನ್ನು. ‘ಆ ತಂಗೀ ಕೈ ಹೆಂಗೈತಿ? ಕೆಲಸಾ ಮಾಡಾಕ ಬರತೈತೇನು?’ ನಾನು ಏನೋ ಹೇಳಿದೆ. ಅವರು ಉಪ್ಪುಕಾಗದ ಬದಿಗಿಟ್ಟರು.

‘ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ. ಅವತ್ತ ನಾ ನಿನಗ ಹೇಳಿದ್ನಿ ಅಂತ ನನಗ ನೆನಪು. ಆದ್ರ ನೀ ಇಲ್ಲ ಅಂದಿ. ನೀ ಯಾಕ ಸುಳ್ಳ ಹೇಳ್ತಿ, ಬೆರಳ ಹೋಗಿದ್ದು ನಿಮ್ಮನೀ ಹೆಣಮಗಳದು. ಹೇಳಬೇಕು ಅನ್ಕೊಂಡ ಹೇಳದ ಬಿಟ್ಟೇನೋ ಏನೋ. ನೀ ಕೊಟ್ಟ ದಿನಾನೂ ತಪ್ಪಿ ನೆನಪಿಟ್ಟೇನೋ... ಅವತ್ತಿನಿಂದ ನನ್ನ ನೆನಪಿನ ಮ್ಯಾಲ ನನಗ ನಂಬಿಗಿ ಹೋತು ನೋಡು. ಕೊಡಲಿ ಕಾವು ಮತ್ತ ಮುಟ್ಟಿಲ್ಲ ನಾ.’

ಅಂದು ಅವರ ಕಣ್ಣಲ್ಲಿ ಕಂಡದ್ದು ಅದು. ನನ್ನ ಸುಳ್ಳನ್ನು ನಂಬಿದ್ದರು ಅವರು. ತಮ್ಮನ್ನು ಬಿಟ್ಟು ನನ್ನನ್ನು ನಂಬಿದ್ದರು.

ಆಗಲಾದರೂ ಹೇಳಿದೆನೇ? ಇಲ್ಲ. ‘ಹಳೇದು ಬಿಡ್ರಿ ಕಾಕಾರ’ ಅಂದೆ. ಚಹಾ ಕುಡಿದು, ಚೌಕಟ್ಟು ನೋಡದೆ, ಬೈಲಹೊಂಗಲದ ಬಸ್ಸು ಹತ್ತಿದೆ. ಮೊದಲ ಸುಳ್ಳಿಗೆ ಹೆದರಿಕೆ ಎಂದಾದರೂ ಅನ್ನಬಹುದು. ಇದಕ್ಕೆ— ಇದಕ್ಕೆ ಹೆಸರೇ ಸಿಗುತ್ತಿಲ್ಲ.

ಹನ್ನೊಂದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ವೈನಿಗೆ ಹೇಳಿದೆ. ಅವಳು ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಎಡಗೈಯಿಂದ ಜೋಳದ ಹರಳು ಆರಿಸುತ್ತಿದ್ದಳು. ಅಣ್ಣ ಕಂಬಕ್ಕೆ ಒರಗಿ ಕುಳಿತಿದ್ದ. ಎಲ್ಲವನ್ನೂ ಹೇಳಿದೆ— ಕೊಟ್ಟಿಗೆ, ನೀರೊಲೆ, ಕಲ್ಲಿಗೆ ಕುಟ್ಟಿದ್ದು, ಛಪ್ಪರದ ಮುಂದಿನ ಮಾತು. ಅಣ್ಣ ‘ನನಗರ ಹೇಳಬೇಕಿತ್ತಲ್ಲೋ’ ಅಂದ, ಅಷ್ಟೇ. ತನ್ನ ಕೈಯಿಂದಲೇ ಹೆಂಡತಿಯ ಕೈ ಹೋಯಿತೆಂದು ಆ ದಿನದಿಂದ ಕೊಡಲಿ ಹಿಡಿಯದೆ ಬದುಕಿದವನು. ಎದ್ದು ಚಪ್ಪಲಿ ಮೆಟ್ಟದೆ ಹೊಲದ ಕಡೆ ನಡೆದುಬಿಟ್ಟ.

ವೈನಿ ಮೊರ ಕೆಳಗಿಟ್ಟಳು. ಅಳುತ್ತಾಳೆ, ಬಯ್ಯುತ್ತಾಳೆ ಅಂದುಕೊಂಡಿದ್ದೆ.

‘ಈರಣ್ಣ, ಕೈ ನೊಂದಾಗೊಮ್ಮೆ ನಾ ಆ ಮನಶಾಗ ಶಾಪಾ ಹಾಕೇನಿ. ಅವನ ಮನಿ ಹಾಳಾಗಲಿ ಅಂದೇನಿ. ಅವನ ಹೇಣತಿ ಸತ್ತ ಸುದ್ದಿ ಬಂದಾಗ, ದೇವರ ಅದಾನ ಅಂದ್ನಿ. ನೀ ಇಲ್ಲೇ ಕುಂತ ಉಣಾಕ ಹತ್ತಿದ್ದಿ. ಕೇಳಿ ಉಂಡಿ.’

ಆ ಊಟ ನನಗೆ ನೆನಪಿತ್ತು.

‘ನಾಳೆ ನನ್ನ ಅಲ್ಲಿಗೆ ಕರ್ಕೊಂಡ ಹೋಗು’ ಅಂದಳು.

ಮರುದಿನ ಹೋದೆವು. ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕುಳಿತಳು. ಕಿತ್ತೂರು ಬರುವವರೆಗೆ ನನ್ನತ್ತ ತಿರುಗಲಿಲ್ಲ. ಅಂಗಡಿ ಮುಟ್ಟಿದವಳೇ ಮುದುಕರ ಕಾಲಿಗೆ ಆ ಕೈಯನ್ನೇ ಮುಟ್ಟಿಸಿದಳು. ‘ಕಾಕಾರ, ನಾ ನಿಮಗ ಭಾಳ ಕೆಟ್ಟ ಅಂದೇನಿ. ತಪ್ಪಾತ್ರಿ.’ ಅವರು ಗಾಬರಿಯಾಗಿ ‘ಏಳವ್ವಾ, ಏಳವ್ವಾ’ ಎನ್ನುತ್ತಿದ್ದರು. ತಪ್ಪು ಮಾಡಿದವನು ನಾನು, ಬಾಗಿಲ ಬಳಿ ನಿಂತಿದ್ದೆ. ಕೈ ಕಳಕೊಂಡವಳು ನೆಲದ ಮೇಲಿದ್ದಳು.

ಆಗ ಹೇಳಿದೆ. ‘ಕಾಕಾರ, ನೀವು ಹೇಳಿದ್ರಿ. ಹಿಂದಿನ ದಿನಾನ ತಂದ ಕೊಟ್ಟಿದ್ನಿ. ಎರಡ ಸಲಾ ಹೇಳಿದ್ರಿ. ನಾ ಸುಳ್ಳ ಹೇಳಿದ್ನಿ.’

ಅವರು ನನಗೆ ಬಯ್ಯುತ್ತಾರೆಂದು ಕಾದೆ. ಅವರು ಒಳಗೆ ತಿರುಗಿ ಮಗಳನ್ನು ಕೂಗಿದರು. ‘ಏ ಸುಮಿತ್ರಾ, ಬಾ ಇಲ್ಲೆ. ನಾ ಹೇಳಿದ್ನಂತ. ಎರಡ ಸಲಾ ಹೇಳಿದ್ನಂತ ನೋಡು!’ ಆಮೇಲೆ ನನ್ನ ಕಡೆ ನೋಡಿ, ‘ಇಕಿಗೆ ಇನ್ನೊಮ್ಮೆ ಹೇಳು’ ಅಂದರು. ಹೇಳಿದೆ. ಅಳಿಯ ಬಂದ, ಅವನಿಗೂ ಹೇಳಿಸಿದರು. ಪ್ರತಿ ಸಲವೂ ಕೈ ಕಿವಿಗೆ ಹಚ್ಚಿ ಕೇಳಿದರು. ಕ್ಷಮಿಸಿದೆ ಎಂದು ಅನ್ನಲಿಲ್ಲ. ನಾನು ಕೇಳಲೂ ಇಲ್ಲ. ಹೊರಡುವಾಗ ಒಂದು ಮಾತು ಮಾತ್ರ ಅಂದರು: ‘ಊರಾಗ ಇದ್ದವರಿಗೆ ಹೇಳೋ ತಮ್ಮಾ.’

ಹೇಳುತ್ತಿದ್ದೇನೆ. ಅವತ್ತು ಛಪ್ಪರದ ಮುಂದೆ ಕೂಡಿದ್ದವರಲ್ಲಿ ಬದುಕಿರುವವರ ಮನೆಗೆ ಒಂದೊಂದಾಗಿ, ಹಗಲಲ್ಲಿ, ಮಂದಿ ಇರುವಾಗಲೇ ಹೋಗಿ ಹೇಳುತ್ತಿದ್ದೇನೆ. ಕೆಲವರು ನೆನಪೇ ಇಲ್ಲ ಅನ್ನುತ್ತಾರೆ. ಒಬ್ಬ ಮುಖಕ್ಕೆ ಬಾಗಿಲು ಹಾಕಿದ. ಅಣ್ಣ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾನೆ. ವೈನಿ ಮೊದಲಿನಂತೆ ಊಟಕ್ಕೆ ಕರೆಯುತ್ತಾಳೆ, ಬಡಿಸಿ ಒಳಗೆ ಹೋಗುತ್ತಾಳೆ.

ಅಪ್ಪ ತೀರಿಹೋಗಿ ಆರು ವರ್ಷವಾಯಿತು. ಕೊನೆಯ ಬೇನೆಯಲ್ಲಿ ಮಲಗಿದ್ದಾಗಲೂ ಸೊಸೆ ನೀರು ಕೊಡಲು ಬಂದರೆ ಅವಳ ಕೈ ನೋಡಿ ಕಾಳಪ್ಪನ ಹೆಸರು ಹಿಡಿದು ಬಯ್ಯುತ್ತಿದ್ದ. ಹಾಸಿಗೆಯ ಪಕ್ಕದಲ್ಲೇ ನಾನು ಕುಳಿತಿರುತ್ತಿದ್ದೆ. ಅವನಿಗೆ ಹೇಳುವುದು ಮಾತ್ರ ಇನ್ನು ಆಗುವುದಿಲ್ಲ.