ಅಮೋಗಸಿದ್ದನ ಗಂಟು

ನಮ್ಮ ಕರಜಗಿಯಲ್ಲಿ ಸುದ್ದಿ ಎಲ್ಲಿಯೇ ಹುಟ್ಟಲಿ, ಒಮ್ಮೆ ಅಮೋಗಸಿದ್ದನ ಬಾಯಿ ಹಾಯ್ದೇ ಊರು ಸೇರಬೇಕು. ಯಾರ ಎಮ್ಮೆ ಈಯಿತು, ಯಾರ ಬೋರಿಗೆ ನೀರು ಬಿತ್ತು, ಹೆಣ್ಣು ನೋಡಲು ಬಂದ ಬೆಳುಂಕಿಯವರು ಯಾರ ಮನೆಯಲ್ಲಿ ಬರೀ ಚಹಾ ಕುಡಿದು ಎದ್ದುಹೋದರು, ಎಲ್ಲವೂ ಅವನಿಗೆ ಗೊತ್ತು. ತನ್ನ ಮನೆಯ ಸುದ್ದಿಯನ್ನೂ ಅವನು ಬಿಡುವವನಲ್ಲ. ಹೆಂಡತಿ ಚಂದ್ರಾಬಾಯಿ ಮುನಿಸಿಕೊಂಡು ರೊಟ್ಟಿ ಬಡಿಯದೆ ಕೂತ ದಿನ, ಅದನ್ನು ತಾನೇ ಚಹಾದಂಗಡಿಗೆ ಬಂದು ವರದಿ ಒಪ್ಪಿಸಿ, ತಪ್ಪು ತನ್ನದೇ ಎಂದು ತೀರ್ಪನ್ನೂ ಕೊಟ್ಟು ಹೋಗಿದ್ದ.

ಐವತ್ತು ದಾಟಿದ ಆಳು. ಒಂದಿಷ್ಟು ಸಜ್ಜೆ, ತೊಗರಿ ಬೆಳೆಯುವ ಮಡ್ಡಿ ಹೊಲ, ಜೊತೆಗೆ ಮಾಡಗ್ಯಾಳ ತಳಿಯ ಕುರಿಹಿಂಡು. ಉಬ್ಬಿದ ಮೂಗು, ಉದ್ದ ಕಾಲಿನ ಆ ಕುರಿಗಳೆಂದರೆ ಅವನಿಗೆ ಮಕ್ಕಳಿಗಿಂತ ಒಂದು ಗುಂಜಿ ಹೆಚ್ಚು. ಹುಟ್ಟಿದಾಗಿನಿಂದ ಬಯಲು ಮಡ್ಡಿಯಲ್ಲಿ ಕುರಿ ಕರೆದು ಕರೆದು ಅವನ ಗಂಟಲು ಎಷ್ಟು ದೊಡ್ಡದಾಗಿತ್ತೆಂದರೆ, ಅವನು ಹೆಂಡತಿಯ ಹತ್ತಿರ ಪಿಸುಗುಟ್ಟಿದ್ದೂ ನಮ್ಮ ಮನೆಗೆ ಕೇಳಿಸುತ್ತಿತ್ತು. ಅವನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ.

ಅಂಥವನು ಹೋದ ವರ್ಷ ಬೇಸಿಗೆಯಲ್ಲಿ ಒಮ್ಮಿಂದೊಮ್ಮೆ ಮಾತು ನಿಲ್ಲಿಸಿದ.

ಆದದ್ದು ಇಷ್ಟು. ಕುರಿಗಳ ಉಣ್ಣೆ ಕತ್ತರಿಸಿದ ದಿನ ಮೈಗೆಲ್ಲ ಕೂದಲು ಅಂಟಿ, ಅವನು ಸಾವಕಾಶವಾಗಿ ಸ್ನಾನಕ್ಕೆ ಕೂತಿದ್ದ. ತಿಕ್ಕಿ ತೊಳೆಯುವಾಗ ಶಿಶ್ನದ ಮೇಲಿನ ಚರ್ಮದೊಳಗೆ ತೊಗರಿ ಕಾಳಿನಷ್ಟು ಒಂದು ಗಂಟು ಬೆರಳಿಗೆ ಹತ್ತಿತು. ನೋವಿಲ್ಲ, ತುರಿಕೆಯಿಲ್ಲ. ಒತ್ತಿದರೆ ಅತ್ತಿತ್ತ ಜಾರುತ್ತದೆ. ಯಾವಾಗ ಬಂತು, ಹೇಗೆ ಬಂತು, ಒಂದೂ ತಿಳಿಯಲಿಲ್ಲ. ಬಿಸಿ ನೀರು ಆರಿಹೋಗುವ ತನಕ ಅವನು ಅಲ್ಲಿಯೇ ಕೂತಿದ್ದನಂತೆ.

ಮೊದಲು ತಲೆಗೆ ಬಂದದ್ದು ಕ್ಯಾನ್ಸರ್. ಅದರ ಬೆನ್ನಿಗೇ ಬಂದದ್ದು ಅದಕ್ಕಿಂತ ದೊಡ್ಡ ಹೆದರಿಕೆ. ಕುರಿ ಮೇಯಿಸಲು ತಿಂಗಳುಗಟ್ಟಲೆ ಊರು ಬಿಟ್ಟು ಹೊಳೆಸಾಲಿಗೆ ಹೋಗುವವನು ಅವನು. ಇಂಥ ಜಾಗದಲ್ಲಿ ಗಂಟು ಎಂದರೆ ಜನ ಏನು ತಿಳಿದಾರು? ಚಂದ್ರಾಬಾಯಿ ಏನು ತಿಳಿದಾಳು? ಹೀಗಾಗಿ ಕುರಿಗಳ ಗಾಯಕ್ಕೆ ಹಚ್ಚುವ ನೀಲಿ ಔಷಧವನ್ನೇ ದಿನಾ ಕದ್ದು ಹಚ್ಚಿಕೊಳ್ಳತೊಡಗಿದ. ಗಂಟು ಇದ್ದಷ್ಟೇ ಇತ್ತು, ಬಣ್ಣ ಮಾತ್ರ ಏರುತ್ತ ಹೋಯಿತು. ಸೆಕೆಯ ನೆಪ ಹೇಳಿ ಹಾಸಿಗೆಯನ್ನು ಕುರಿಹಟ್ಟಿಯ ಬದಿಗೆ ಒಯ್ದ. ಚಹಾದಂಗಡಿಗೆ ಬಂದರೂ ಕಪ್ಪು ಮುಗಿಸಿ ಸುಮ್ಮನೆ ಎದ್ದುಹೋಗುವುದು. ಅಂಗಡಿಯ ಕಲ್ಮೇಶ, “ಇವ್ನ ಮೋಬೈಲ್ ಅಷ್ಟ ಅಲ್ಲ, ಇವನೂ ಸೈಲೆಂಟ್ ಆಗ್ಯಾನಲ್ರಿ!” ಎಂದು ನಕ್ಕ. ಅಮೋಗಸಿದ್ದ ಚಹಾದ ದುಡ್ಡು ಇಟ್ಟು ಹೊರಟ.

ಗಂಟು ಹೋಗುವಂತೆ ಕಾಣದಾಗ ಒಂದು ಮುಂಜಾನೆ ದನದ ಡಾಕ್ಟರ್ ಶಂಕರಲಿಂಗರ ಬಳಿ ಹೋದ. ಅವರು ಅವನ ಕುರಿಗಳಿಗೆ ಎಷ್ಟೋ ವರ್ಷಗಳಿಂದ ಸೂಜಿ ಹಾಕುತ್ತ ಬಂದವರು, ಸಲಿಗೆಯೂ ಇತ್ತು.

“ಸಾಹೇಬ್ರ, ನಮ್ಮ ಟಗರಿಗೆ ಒಂದು ಗಂಟ ಎದ್ದೈತ್ರಿ.”

“ಎಲ್ಲಿ?”

“ಕೆಳಗರಿ. ಉಚ್ಚಿ ಹೊಯ್ಯೂ ಜಾಗಾದಾಗ.”

“ತಗೊಂಡು ಬಾ, ನೋಡೂಣು.”

“ಹಂಗ ಹೇಳಿ ಬಿಡ್ರಿ. ಟಗರ ತರಲಾಕ ಆಗೂದಿಲ್ಲ.”

“ನೋಡಲಾರದ ಹೆಂಗ ಹೇಳಲಿ? ಮೇವು ತಿಂತೈತೇನು?”

“ರೊಟ್ಟಿ ಸ್ವಲ್ಪ ಕಡಿಮಿ ಆಗೈತ್ರಿ.”

ಶಂಕರಲಿಂಗರು ಕನ್ನಡಕ ತೆಗೆದು ಅವನನ್ನೇ ನೋಡಿದರು. “ರೊಟ್ಟಿ ತಿನ್ನೂ ಟಗರು! ವಯಸ್ಸೆಷ್ಟು ಅದಕ್ಕ?”

ಅಮೋಗಸಿದ್ದ ನೆಲ ನೋಡುತ್ತ, “ಐವತ್ತೆರಡ್ರಿ,” ಅಂದ.

ಅವರು ನಗಲಿಲ್ಲ. ನಗು ಬಂದಿತ್ತು, ತಡೆದುಕೊಂಡೆ ಎಂದು ನನ್ನ ಮುಂದೆ ಆಮೇಲೆ ಹೇಳಿದರು. ಅವನ ಹೆಗಲ ಮೇಲೆ ಕೈಯಿಟ್ಟು, “ನೋಡೋ ಅಮೋಗಸಿದ್ದಾ, ಈ ಟಗರ ನನ್ನ ಖಾತೇದ್ದಲ್ಲ. ಜತ್ತಿಗಿ ಹೋಗಿ ಮನಷಾರ ಡಾಕ್ಟರಿಗೆ ತೋರಸು. ಹೆಚ್ಚಿನಂಶ ಏನೂ ಇರೂದಿಲ್ಲ. ಆದರ ತೋರಸಲಾರದ ಕುಂದರಬ್ಯಾಡ. ಮತ್ತ ಆ ಕುರಿ ಔಷಧ ಏನರ ಹಚ್ಚಾಕತ್ತಿದ್ರ ಇವತ್ತಿಗಿ ಬಂದ ಮಾಡು,” ಅಂದರು.

“ನಿಮಗ ಹೆಂಗ ಗೊತ್ತಾತ್ರಿ?”

“ನಿನ್ನ ಬೆರಳ ನೋಡ್ಕೋ.”

ಬೆರಳ ತುದಿಗಳೆಲ್ಲ ನೀಲಿ.

ತಾಲೂಕಿನ ಊರು ಜತ್ತಿಗೆ ಹೋಗುವುದೆಂದರೆ ಚಂದ್ರಾಬಾಯಿಗೆ ಹೇಳಲೇಬೇಕು. ಅವಳೂ ಸುಮ್ಮನೆ ಕೂತಿರಲಿಲ್ಲ. ಗಂಡ ಮಾತು ಬಿಟ್ಟದ್ದು ತನ್ನ ಮೇಲಿನ ಸಿಟ್ಟಿಗೋ, ಅಳಿಯನ ಮೇಲಿನ ಸಿಟ್ಟಿಗೋ ಎಂದು ತಿಳಿಯದೆ, ಸೊರಡಿಗೆ ಕೊಟ್ಟ ಮಗಳು ಕಾಜಲ್‌ಗೆ ಎರಡು ಸಲ ಫೋನು ಮಾಡಿದ್ದಳು. ಅವತ್ತು ಮಧ್ಯಾಹ್ನ ಊಟಕ್ಕೆ ನೀಡಿ, ತಾಟನ್ನು ಅವನ ಮುಂದಿಡದೆ ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡು ಕೂತಳು.

“ಏನಾಗೇತಿ ಹೇಳಿದ್ರ ರೊಟ್ಟಿ. ಇಲ್ಲಂದ್ರ ಇಲ್ಲ.”

ಅವನು ಹೇಳಿದ. ಅಷ್ಟು ಸಣ್ಣ ದನಿಯಲ್ಲಿ ಹೇಳಿದ್ದಕ್ಕೋ ಏನೋ, ನಮ್ಮ ಗೋಡೆಗೆ ಅದು ಕೇಳಿಸಲಿಲ್ಲ. ಆಮೇಲಿನ ಮಾತು ಮಾತ್ರ ಸ್ಪಷ್ಟವಾಗಿ ಬಂತು.

“ಎಲ್ಲೆರ ಹೋಗಿದ್ರೇನು?”

“ಬೀರಪ್ಪನಾಣಿ ಇಲ್ಲ! ನಿನ್ನ ಬಿಟ್ಟು ನಾ ಯಾರ್ನೂ—”

“ಆಣಿ ಯಾಕ ಮಾಡ್ತೀರಿ, ಬಿಡ್ರಿ. ಹೋಗಿದ್ರ ನೀವ ಬಂದು ನನ್ನ ಮುಂದ ಹೇಳತಿದ್ರಿ. ನನಗಿಂತ ಮೊದಲ ಕಲ್ಮೇಶನ ಮುಂದ ಹೇಳತಿದ್ರಿ. ನಿಮ್ಮ ಬಾಯಾಗ ಯಾವಾಗ ಏನ ನಿಂತೈತಿ?”

ಆಮೇಲೆ ತಾಟು ಮುಂದಿಟ್ಟು ಮತ್ತೆ ಅಂದಳಂತೆ: “ಗಂಡಸರಿಗಿ ಇದ ಒಂದು ದೊಡ್ಡ ಗುಟ್ಟು. ನಾವು ಒಂದು ಹಡಿಯೂದ್ರಾಗ ಎಷ್ಟ ಮಂದಿ ಡಾಕ್ಟರ ಮುಂದ, ಎಷ್ಟ ಮಂದಿ ನರ್ಸ್ ಮುಂದ ಮಲಗತೀವಿ, ಯಾರರ ಮಾತ ಬಿಟ್ಟೀವೇನು? ನಾಳಿ ಮುಂಜಾನಿ ಬಸ್ಸಿಗಿ ಹೋಗೂಣು. ಉಣ್ರಿ.”

ಮರುದಿನ ಇಬ್ಬರೂ ಜತ್ತಿನ ಸರ್ಕಾರಿ ದವಾಖಾನೆಗೆ ಹೋದರು. ಕೇಸ್ ಪೇಪರ್ ಮಾಡುವ ಕಿಟಕಿಯಲ್ಲಿ ಕೂತವನು ಮರಾಠಿಯಲ್ಲಿ, “ಕಾಯ ತ್ರಾಸ ಆಹೆ?”, ಏನು ತೊಂದರೆ ಎಂದು, ಎಲ್ಲರಿಗೂ ಕೇಳುವಂತೆ ಕೇಳಿದ. ಹಿಂದೆ ಉದ್ದ ಸಾಲು. ಗಡಿಸೀಮೆಯವನಾದ ಅಮೋಗಸಿದ್ದನಿಗೆ ಕನ್ನಡವೂ ಬರುತ್ತದೆ, ಮರಾಠಿಯೂ ಬರುತ್ತದೆ. ಆ ಹೊತ್ತಿಗೆ ಎರಡೂ ಬರಲಿಲ್ಲ. ಚಂದ್ರಾಬಾಯಿಯೇ ಮುಂದೆ ಬಾಗಿ, “ಗಾಂಠ ಆಲೀ ಆಹೆ,” ಅಂದಳು. ಗಂಟು ಬಂದಿದೆ. ಎಲ್ಲಿ ಎಂದು ಅವನು ಕೇಳಲಿಲ್ಲ, ಬರೆದುಕೊಂಡು ಒಳಗೆ ಕಳಿಸಿದ.

ಒಳಗೆ ಕೂತ ಡಾಕ್ಟರ್ ಹೆಣ್ಣುಮಗಳು. ಹೆಸರು ವಿದ್ಯಾವತಿ, ಮೂವತ್ತರ ಆಸುಪಾಸು, ವಿಜಯಪುರದ ಕಡೆಯವರು. ಅಮೋಗಸಿದ್ದ ಬಾಗಿಲಲ್ಲೇ ನಿಂತು, “ಹೊಟ್ಟಿ ನೋವ್ರಿ,” ಅಂದುಬಿಟ್ಟ.

“ಹೊಟ್ಟಿ ಅಲ್ರಿ, ಅದಕ್ಕಿಂತ ಕೆಳಗ,” ಎಂದಳು ಚಂದ್ರಾಬಾಯಿ.

ಡಾಕ್ಟರಿಗೆ ಅರ್ಥವಾಯಿತು. ಅವನನ್ನು ಕೂರಿಸಿ, “ಅಣ್ಣಾರ, ನಿಮಗ ಬೇಕಂದ್ರ ಗಂಡಸ ಡಾಕ್ಟರ್ ಮಧ್ಯಾಹ್ನ ಬರತಾರ, ಅವರಿಗಿ ತೋರಸಬಹುದು. ನನಗ ತೋರಸಿದ್ರೂ ನಡೀತೈತಿ. ದಿನಾ ನೋಡೂದ ನಮ್ಮ ಕೆಲಸ. ಒಂದ ಹೇಳ್ರಿ, ನಿಮ್ಮ ಉದ್ಯೋಗ ಏನು?” ಎಂದರು.

“ಕುರಿ ಸಾಕತೀನ್ರಿ.”

“ಕುರಿಗಿ ಗಂಟ ಆದ್ರ ಮುಚ್ಚಿ ಇಡತೀರೇನು?”

“ಛೇ, ಇಲ್ರಿ! ಅವತ್ತ ಹೋಗಿ ತೋರಸತೀನ್ರಿ.”

“ಮತ್ತ?”

ಅಮೋಗಸಿದ್ದ ಮಧ್ಯಾಹ್ನದ ತನಕ ಕಾಯುವುದು ಬೇಡವೆಂದು ಪರದೆಯ ಹಿಂದೆ ಹೋದ. ಒಬ್ಬ ಗಂಡಸು ಸಿಬ್ಬಂದಿಯನ್ನು ಜೊತೆಗೆ ನಿಲ್ಲಿಸಿಕೊಂಡು ಡಾಕ್ಟರ್ ಕೈಗವಸು ಹಾಕಿಕೊಂಡರು, ನೋಡಿದರು.

“ಇದೇನ ಹಿಂಗ ನೀಲಿ ಆಗೇತಿ?” ದನಿಯಲ್ಲಿ ನಿಜವಾದ ಗಾಬರಿ ಇತ್ತು.

“ಕುರಿ ಔಷಧ್ರಿ.”

ಪರದೆಯ ಆಚೆ ಚಂದ್ರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಇದೊಂದನ್ನು ಅವನು ಅವಳಿಗೂ ಹೇಳಿರಲಿಲ್ಲ.

ಡಾಕ್ಟರ್ ಮಾತ್ರ ತಮ್ಮ ಕೆಲಸವನ್ನು ಪೂರ್ತಿ ಮಾಡಿದರು. ಗಂಟು ಬೆಳೆಯುತ್ತಿದೆಯೇ, ಗಾಯ, ಕೀವು, ರಕ್ತ ಏನಾದರೂ ಇದೆಯೇ, ಮೂತ್ರಕ್ಕೆ ತೊಂದರೆಯೇ, ಸಕ್ಕರೆ ಕಾಯಿಲೆ ಇದೆಯೇ ಎಂದೆಲ್ಲ ಕೇಳಿದರು. ತೊಡೆಯ ಸಂದಿಯಲ್ಲಿ ಗಡ್ಡೆ ಇದೆಯೇ ಎಂದು ಒತ್ತಿ ನೋಡಿದರು. ಬೇರೆ ಹೆಂಗಸರ ಸಹವಾಸ ಇದೆಯೇ ಎಂದೂ ಕೇಳಿದರು. ಕೆಮ್ಮು ನೆಗಡಿ ಕೇಳಿದಷ್ಟೇ ಸಹಜವಾಗಿ ಕೇಳಿದ್ದರಿಂದ ಅವನಿಗೆ ಸಿಟ್ಟೂ ಬರಲಿಲ್ಲ. ಕೈ ತೊಳೆದುಕೊಂಡು ಬಂದು ಇಬ್ಬರನ್ನೂ ಕೂರಿಸಿ ಹೇಳಿದರು:

“ಚರ್ಮದಾಗ ಎಣ್ಣಿ ಬರೂ ಸಣ್ಣ ಸಣ್ಣ ತೂತು ಇರತಾವ. ಒಂದರ ಬಾಯಿ ಕಟ್ಟಿದ್ರ ಒಳಗ ಮೇಣದಂಗ ತುಂಬಿ ಗಂಟ ಆಗತೈತಿ. ಬೆನ್ನಿಗಿ, ತಲಿಗಿ ಆಗೂದು ನೋಡೀರಲ್ಲ, ಹಂಗ ಇದು. ನನಗ ಕ್ಯಾನ್ಸರ್ ಅನಸೂದಿಲ್ಲ. ಒಬ್ಬರಿಂದ ಒಬ್ಬರಿಗಿ ಹತ್ತೂ ಗಂಟೂ ಅಲ್ಲ. ಆದರ ನನ್ನ ಒಬ್ಬಾಕಿ ಮಾತಿನ ಮ್ಯಾಲ ಬಿಡಬ್ಯಾಡ್ರಿ, ಮಿರಜಿನ ದೊಡ್ಡ ದವಾಖಾನ್ಯಾಗ ಸರ್ಜನ್ನರಿಗಿ ಒಮ್ಮಿ ತೋರಸ್ರಿ. ಅಲ್ಲೀತನಕ ಹಿಚುಕಬ್ಯಾಡ್ರಿ, ಏನೂ ಹಚ್ಚಬ್ಯಾಡ್ರಿ. ಕೆಂಪಾದ್ರ, ನೋವಾದ್ರ, ದೊಡ್ಡದಾದ್ರ ಕಾಯಬ್ಯಾಡ್ರಿ, ಬರ್ರಿ.”

ಮಿರಜಿನ ಸರ್ಜನ್ ಕೂಡ ನೋಡಿ ಅದನ್ನೇ ಹೇಳಿದರು. ಇರಲಿ ಬಿಡಿ, ತೊಂದರೆ ಕೊಟ್ಟರೆ ತೆಗೆಯೋಣ ಎಂದರು. ತಿರುಗಿ ಬರುವ ಬಸ್ಸಿನಲ್ಲಿ ಅಮೋಗಸಿದ್ದನ ಬಾಯಿ ಬಿಚ್ಚಿಕೊಂಡಿತು. ಕಂಡಕ್ಟರ್ ತನಕ ಎಲ್ಲರಿಗೂ ಸುದ್ದಿ ತಿಳಿಯಿತು. “ನಾ ಕಿಟಕಿ ಕಡೆ ಮಾರಿ ಮಾಡಿ ಕುಂತೆ, ಇವರ ಯಾರೋ ನನಗ ಗೊತ್ತ ಇಲ್ಲ ಅನ್ನೂಹಂಗ,” ಎಂದು ಚಂದ್ರಾಬಾಯಿ ನಮ್ಮ ಮನೆಯವಳ ಮುಂದೆ ಹೇಳಿ ನಕ್ಕಳು.

ಕಲ್ಮೇಶನ ಅಂಗಡಿಯಲ್ಲಿ ಮರುದಿನ ಜಾತ್ರೆಯಂಥ ಜನ. ಅಮೋಗಸಿದ್ದ ಒಂದನ್ನೂ ಬಿಡಲಿಲ್ಲ. ರೊಟ್ಟಿ ತಿನ್ನುವ ಟಗರಿನಿಂದ ಹಿಡಿದು ನೀಲಿ ಬಣ್ಣದ ತನಕ ಅಭಿನಯ ಸಮೇತ ಹೇಳಿದ. ಕಲ್ಮೇಶ ನಕ್ಕು ನಕ್ಕು ಹಾಲು ಉಕ್ಕಿಸಿದ. ನಗುವಿನ ನಡುವೆಯೇ ಅವನು ಡಾಕ್ಟರ್ ಹೇಳಿದ್ದನ್ನೂ ತಪ್ಪದೆ ಹೇಳುತ್ತಿದ್ದ: ಗಂಟಿರಲಿ, ಗಾಯವಿರಲಿ, ಮುಚ್ಚಿಡಬೇಡಿ, ನಾಚಿಕೆ ಅಲ್ಲಿ ಪರದೆ ದಾಟುವ ತನಕ ಅಷ್ಟೇ.

ಆ ಗುಂಪಿನಲ್ಲಿ ನಗದೆ ಕೂತವರು ಒಬ್ಬರೇ, ಕಾಳಿನ ವ್ಯಾಪಾರದ ಗುರಪ್ಪ ಕಾಕಾ. ಎಪ್ಪತ್ತರ ಹತ್ತಿರದ ಹಿರಿಯರು, ಹಣೆಯ ತುಂಬ ವಿಭೂತಿ, ತೂಕದ ಮಾತು. ಊರಿನ ನ್ಯಾಯ ಪಂಚಾಯಿತಿಗೆ ಅವರು ಬರದಿದ್ದರೆ ಆಗದು. ಸಂಜೆ, ಯಾವತ್ತೂ ಬಾರದವರು, ಅವರು ಅಮೋಗಸಿದ್ದನ ಕುರಿಹಟ್ಟಿಗೆ ನಡೆದು ಬಂದರು.

“ಅಮೋಗಿ, ನಿಂದು ನೋವಿತ್ತೇನ?”

“ಇಲ್ರಿ ಕಾಕಾ.”

ಕಾಕಾ ಕುರಿಗಳನ್ನೇ ನೋಡುತ್ತ ನಿಂತರು. “ನಂದೂ ನೋವಿಲ್ಲ. ಆದರ ಗಾಯ ಆಗೇತಿ, ಮಾಯವಲ್ದು. ಹೋದ ದೀಪಾವಳಿಗಿಂತ ಮೊದಲಿಂದ ಐತಿ.”

ಅಮೋಗಸಿದ್ದ ಆ ಮಾತಿಗೆ ಏನೂ ಹಾಸ್ಯ ಮಾಡಲಿಲ್ಲ. “ಮನಿಯಾಗ ಹೇಳೀರೇನ್ರಿ?”

“ಯಾರಿಗಿ ಹೇಳಲಿ? ಅಕಿ ಇದ್ದಿದ್ರ ಹೇಳತಿದ್ದೆ. ಮಗಾ ಸೊಸಿ ಮುಂದ ಬಾಯಿ ಬರೂದಿಲ್ಲ.”

“ನಾಳಿ ಮುಂಜಾನಿ ನನ್ನ ಮೋಟರ್ ಸೈಕಲ್ ಮ್ಯಾಲ ಹೋಗೂಣ್ರಿ.”

“ಮತ್ತ ಅಂಗಡ್ಯಾಗ—”

“ಕಾಕಾ, ನನ್ನ ಗಂಟ ನಂದು, ಅದನ್ನ ಎಲ್ಲಿ ಬೇಕಾದಲ್ಲಿ ಬಿಚ್ಚತೀನಿ. ನಿಮ್ಮದು ನಿಮ್ಮದರಿ.”

ಈ ಸಲ ವಿದ್ಯಾವತಿ ಡಾಕ್ಟರ್ ನಗುವ ಮಾತಾಡಲಿಲ್ಲ. ಅದೇ ದಿನ ಮಿರಜಿಗೆ ಕಳಿಸಿದರು. ಗಾಯದ ತುಣುಕು ತೆಗೆದು ಪರೀಕ್ಷೆ ಮಾಡಿದಾಗ ಅದು ಕ್ಯಾನ್ಸರೇ ಎಂದಾಯಿತು. ಇನ್ನೂ ಮೇಲಿನ ಪದರದಲ್ಲೇ ಇತ್ತು, ಒಳಗೆ ಇಳಿದಿರಲಿಲ್ಲ. ಮುಂದೊಗಲನ್ನೂ ಗಾಯದ ಸುತ್ತಲಿನ ಸ್ವಲ್ಪ ಭಾಗವನ್ನೂ ತೆಗೆದರು. ಮುಂದಿನ ಬೇಸಿಗೆಯ ತನಕ ಬಿಟ್ಟಿದ್ದರೆ ಮಾತೇ ಬೇರೆ ಇರುತ್ತಿತ್ತು ಎಂದರಂತೆ. ಕಾಕಾನ ಮಗ ಶಿವಪುತ್ರನಿಗೆ ಅಮೋಗಸಿದ್ದ ಅವರ ಒಪ್ಪಿಗೆ ಕೇಳಿಯೇ ಹೇಳಿದ. ಸೊಸೆ ನಂದಾ ದವಾಖಾನೆಗೆ ಬಂದು ಮಾವನ ಕಾಲಿನ ಹತ್ತಿರ ಕೂತು, “ನನಗ ಒಂದ ಮಾತ ಹೇಳಬಾರದಿತ್ತೇನ್ರಿ ಅಪ್ಪಾರ?” ಎಂದು ಅತ್ತುಬಿಟ್ಟಳು. ಹೊರಗೆ ಬಾಗಿಲ ಬಳಿ ಅಮೋಗಸಿದ್ದನೂ ಕಣ್ಣೊರೆಸಿಕೊಂಡನೆಂದು ಶಿವಪುತ್ರ ಹೇಳುತ್ತಾನೆ. ಅಮೋಗಸಿದ್ದ ಒಪ್ಪುವುದಿಲ್ಲ, ಕಣ್ಣಿಗೆ ಧೂಳು ಬಿದ್ದಿತ್ತಂತೆ.

ಅಷ್ಟೂ ದಿನ ಊರಿನವರು ಅವನನ್ನು ಹಿಡಿದು ಹಿಡಿದು ಕೇಳಿದರು: ಗುರಪ್ಪ ಕಾಕಾ ಎಲ್ಲಿ, ಯಾಕೆ ಅಂಗಡಿ ತೆರೆದಿಲ್ಲ? “ನನಗೇನ ಗೊತ್ತು?” ಎನ್ನುತ್ತಿದ್ದ. ಅಮೋಗಸಿದ್ದನಿಗೆ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ನಾನೂ ಕೇಳಿದೆ. ನನಗೂ ಅದೇ ಉತ್ತರ. ಗೋಡೆಯ ಆಚೆಯಿಂದಲೂ ಏನೂ ಕೇಳಿಸಲಿಲ್ಲ.

ಕೊನೆಗೆ ಹೇಳಿದವರು ಗುರಪ್ಪ ಕಾಕಾನೇ. ಮೈ ಸುಧಾರಿಸಿದ ಮೇಲೆ ಒಂದು ಮುಂಜಾನೆ ಕಲ್ಮೇಶನ ಅಂಗಡಿಗೆ ಬಂದು ಕೂತು, ಪಂಚಾಯಿತಿಯಲ್ಲಿ ಮಾತಾಡುವ ಗತ್ತಿನಲ್ಲೇ, ತಮಗೆ ಏನಾಗಿತ್ತು, ಎಲ್ಲಿ ಆಗಿತ್ತು ಎಂಬುದನ್ನು ಸುತ್ತುಬಳಸದೆ ಹೇಳಿದರು. ಅವರ ಬಾಯಿಂದ ಆ ಮಾತು ಬಂದ ಮೇಲೆ ಊರಿನ ಗಂಡಸರಿಗೆ ನಾಚಿಕೊಳ್ಳಲು ದಾರಿಯೇ ಉಳಿಯಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ನಮ್ಮೂರಿಂದ ಮೂರು ನಾಲ್ಕು ಮಂದಿ ಜತ್ತಿಗೆ ಹೋಗಿ ಬಂದರು. ಒಬ್ಬನಿಗೆ ಸಕ್ಕರೆ ಕಾಯಿಲೆ ಗೊತ್ತಾಯಿತು, ಉಳಿದವರಿಗೆ ಏನೂ ಇರಲಿಲ್ಲ. ಏನೂ ಇಲ್ಲದವರು ವಾರಗಟ್ಟಲೆ ಹಬ್ಬದ ಮುಖ ಹೊತ್ತು ತಿರುಗಿದರು.

ಕಾಕಾ ತಪಾಸಣೆಗೆ ಹೋಗುವಾಗ ಈಗಲೂ ಅಮೋಗಸಿದ್ದನ ಗಾಡಿಯೇ ಬೇಕು. ಶಿವಪುತ್ರನ ಹೊಸ ಕಾರಿದೆ, ಆದರೆ ಅದರಲ್ಲಿ ಕೂತರೆ ನಿದ್ದೆ ಬರುತ್ತದಂತೆ. ಹೋದ ವಾರ ನಾನು ಹೊಲಕ್ಕೆ ಹೊರಟಾಗ ಇಬ್ಬರೂ ಜತ್ತಿನ ದಾರಿಯಲ್ಲಿ ಎದುರಾದರು. ಅಮೋಗಸಿದ್ದ ಗಾಳಿಗೆ ಎದುರಾಗಿ ಏನೋ ಕೂಗಿ ಕೂಗಿ ಹೇಳುತ್ತಿದ್ದ. ಹಿಂದೆ ಕೂತ ಕಾಕಾ ಒಂದು ಕೈಯಲ್ಲಿ ತಲೆಯ ಪಟಕಾ ಹಿಡಿದುಕೊಂಡು, ಅವನ ಬೆನ್ನಿಗೆ ಗುದ್ದುತ್ತ, ಹಲ್ಲು ಕಾಣುವ ಹಾಗೆ ನಗುತ್ತಿದ್ದರು.